ಹಾಳು ದಾರಿ, ಆಳು ದಾರಿ

ಸಿದ್ದಮ್ಮ ಹೇಳಿದ್ದು ನನಗೆ ಸರಿಯಾಗಿಯೇ ಅರ್ಥವಾಗಿತ್ತು. ಅಂದೇ, ಅಲ್ಲೇ, ಅವಳ ಬಾಯಿಂದ ಮಾತು ಬಿದ್ದ ಕೂಡಲೇ ಅರ್ಥವಾಗಿತ್ತು. ತಪ್ಪಾಗಿ ಕೇಳಿಸಿಕೊಂಡೆ ಎಂದು ಒಂದೂವರೆ ವರ್ಷದಿಂದ ನಾನು ಹೇಳಿಕೊಂಡು ಬಂದಿರುವುದು ಶುದ್ಧ ಸುಳ್ಳು. ಆ ಸುಳ್ಳನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವರು ಬಹಳ ಮಂದಿ — ನೀವೂ ಅವರಲ್ಲಿ ಒಬ್ಬರಿರಬಹುದು, ಆ ವಿಡಿಯೋ ನೋಡಿರಬಹುದು. ನಕ್ಕಿದ್ದರೆ ಇದನ್ನೂ ಓದಿ.

ತಾಳವಾಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬಿಡುವಿದ್ದಾಗ ಬೈಕ್ ಸವಾರರಿಗೆ ದಾರಿ ಮಾಡಿಕೊಡುತ್ತೇನೆ. ಕಂಪ್ಯೂಟರಿನಲ್ಲಿ ನಕಾಶೆ ತೆರೆದು ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಡುತ್ತ ಹೋದರೆ ನಡುವೆ ಗೆರೆ ತಾನಾಗಿ ಮೂಡುತ್ತದೆ. ಆ ಗೆರೆಯನ್ನು ಫೈಲ್ ಮಾಡಿ ಕಳಿಸಿದರೆ ಅವರು ಅದನ್ನು ತಮ್ಮ ಜಿಪಿಎಸ್‌ಗೆ ಇಳಿಸಿಕೊಂಡು, ಹ್ಯಾಂಡಲಿಗೆ ಸಿಕ್ಕಿಸಿ, ಗೆರೆಯ ಹಿಂದೆ ಹೊರಟುಬಿಡುತ್ತಾರೆ. ದಿಂಬಂ ತಿರುವುಗಳನ್ನು ಹತ್ತಿ ಬರುವವರಿಗೆ ಈ ಬೆಟ್ಟದ ಮೇಲೆ ಎಲ್ಲಿ ಟಾರು, ಎಲ್ಲಿ ಮಣ್ಣು, ಎಲ್ಲಿ ಒಳ್ಳೆಯ ಟೀ ಸಿಗುತ್ತದೆ, ಎಲ್ಲವೂ ನನ್ನ ಗೆರೆಯಲ್ಲಿರುತ್ತಿತ್ತು. 'ದಾರಿ ಅಂದರೆ ಸ್ವಾಮಿಯದೇ' ಎಂದು ನನ್ನ ಬಗ್ಗೆ ಅವರ ಗುಂಪುಗಳಲ್ಲಿ ಬರೆದುಕೊಳ್ಳುತ್ತಿದ್ದರು. ಅದನ್ನು ಓದಿ ಓದಿ ನನ್ನ ತಲೆ ತಿರುಗಿತ್ತು.

ಕೊಯಮತ್ತೂರಿನ ಒಂದು ಗುಂಪಿನ ಮುಂದಾಳು ಸರವಣನ್. ತಮಗೆ ಹೋದ ದಾರಿಯಲ್ಲೇ ವಾಪಸ್ ಬರುವುದು ಬೇಡ, ಪೂರ್ತಿ ಒಂದು ಸುತ್ತು ಬೇಕು ಎಂದರು. ನನ್ನ ಸುತ್ತಿನಲ್ಲಿ ತಿಗನಾರೆಗೂ ಜೀರಹಳ್ಳಿಗೂ ನಡುವೆ ಒಂದು ತುಂಡು ಕೂಡುತ್ತಿರಲಿಲ್ಲ. ಉಪಗ್ರಹದ ಚಿತ್ರದಲ್ಲಿ ನೋಡಿದರೆ ಹೊಲಗಳ ಬೆನ್ನಿಗೆ, ಕಾಡಂಚಿನಲ್ಲಿ ಒಂದು ಹಳೆಯ ಗಾಡಿ ಜಾಡು ಕಾಣಿಸಿತು. ಕೇಳಿಬರೋಣವೆಂದು ತಿಗನಾರೆಗೆ ಹೋದೆ.

ಅಲ್ಲಿ ಸಿಕ್ಕಿದವಳು ಸಿದ್ದಮ್ಮ. ನಾನು ಚಡ್ಡಿ ಹಾಕುವ ಕಾಲದಿಂದ ನಮ್ಮ ಅರಿಶಿನದ ಹೊಲದಲ್ಲಿ ಕಳೆ ಕಿತ್ತವಳು. ಈಗ ವಯಸ್ಸಾಗಿ ದನ ಮೇಯಿಸುತ್ತಾಳೆ. ಆ ಸೀಮೆಯಲ್ಲಿ ಅವಳ ಪಾದ ಮುಟ್ಟದ ಜಾಗವಿಲ್ಲ. ಈ ಜಾಡು ಜೀರಹಳ್ಳಿಗೆ ಹೋಗುತ್ತದೆಯೇ ಎಂದು ಕೇಳಿದೆ.

"ಓಯ್ತದೆ ಬುದ್ದಿ. ಆದ್ರೆ ಅದು ಆಳ್ ದಾರಿ" ಎಂದಳು. ಅಷ್ಟರಲ್ಲಿ ಒಂದು ಹಸು ಯಾರದೋ ರಾಗಿ ಹೊಲಕ್ಕೆ ಬಾಯಿ ಹಾಕಿತು. ಅದರ ಹಿಂದೆ ಓಡಿದಳು. ಅಷ್ಟೇ ಮಾತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಬೆಟ್ಟದ ಮಾತಿನಲ್ಲಿ ಮೊದಲಿನ ಹಕಾರ ನಿಲ್ಲುವುದಿಲ್ಲ. ಹೊಲ 'ಒಲ' ಆಗುತ್ತದೆ, ಹಳ್ಳಿ 'ಅಳ್ಳಿ' ಆಗುತ್ತದೆ. ಹಾಳು ಬಿದ್ದ ದಾರಿಯೂ 'ಆಳ್ ದಾರಿ'ಯೇ, ಕೂಲಿ ಆಳುಗಳು ನಡೆದಾಡುವ ದಾರಿಯೂ 'ಆಳ್ ದಾರಿ'ಯೇ. ಹೊರಗಿನವನಿಗೆ ಗೊಂದಲವಾದೀತು. ನನಗೆ? ನನ್ನ ತಾಯಿ ಇವತ್ತಿಗೂ ಹಾಲಿಗೆ 'ಆಲು' ಎನ್ನುತ್ತಾಳೆ. ಆ ಆಲು ಕುಡಿದೇ ಬೆಳೆದವನು ನಾನು. ನನಗೆಂಥ ಗೊಂದಲ!

ಸಾಕ್ಷಿ ಬೇಕಾದರೆ ಇದೆ. ಅಂಗಡಿಗೆ ಬಂದು ನಕಾಶೆ ತೆರೆದವನೇ, ಆ ಜಾಡು ಕಾಡಂಚಿಗೆ ತಿರುಗುವ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಟಿಪ್ಪಣಿ ಬರೆದೆ: 'ಹಾಳು ದಾರಿ. ನೋಡದೆ ಹೋಗಬೇಡಿ.' ಹಕಾರ ಹಾಕಿಯೇ ಬರೆದೆ. ಆ ಅಕ್ಷರ ಒತ್ತಿದ ಬೆರಳು ನನ್ನದೇ.

ಆಮೇಲೆ ಸರವಣನ್ ಫೋನು ಬಂತು. ಊಟಿಯವನೊಬ್ಬ ಬೇರೆ ದಾರಿ ಕೊಟ್ಟಿದ್ದಾನೆ, ನಿಮ್ಮದರಲ್ಲಿ ಏನಾದರೂ ತೊಂದರೆ ಇದ್ದರೆ ಈಗಲೇ ಹೇಳಿ ಎಂದು ತಮಿಳಿನಲ್ಲಿ ಕೇಳಿದರು. ಊಟಿಯವನು! ನನ್ನ ಬೆಟ್ಟಕ್ಕೆ ಬರುವವರಿಗೆ ದಾರಿ ಹೇಳಲು ಅವನ್ಯಾರು? ಏನೂ ತೊಂದರೆ ಇಲ್ಲ ಎಂದೆ. ಫೋನಿಟ್ಟು ಟಿಪ್ಪಣಿ ಅಳಿಸಿದೆ. ಅದರ ಜಾಗದಲ್ಲಿ 'ಊರ ಜನ ಓಡಾಡುವ ದಾರಿ' ಎಂದು ಬರೆದೆ. ಮತ್ತೊಮ್ಮೆ ಹೋಗಿ ನೋಡಿ ಬರೋಣವೆಂದು — ಇಲ್ಲ, ಹಾಗೆ ಅನಿಸಲೇ ಇಲ್ಲ. ಅನಿಸಿತ್ತು ಎಂದು ಈಗ ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

ಆ ಕಂಪ್ಯೂಟರಿಗಿದ್ದ ಬುದ್ಧಿ ನನಗಿರಲಿಲ್ಲ. ನಾನು ಗೆರೆ ಎಳೆದಾಗಲೆಲ್ಲ ಅದು ಜಾಡು ಬಿಟ್ಟು ಟಾರು ರಸ್ತೆಗೇ ಎಳೆದುಕೊಂಡು ಹೋಗುತ್ತಿತ್ತು. ಆ ಸೌಲಭ್ಯವನ್ನು ಬಂದ್ ಮಾಡಿ, ಕೈಯಾರೆ ಒಂದೊಂದೇ ಚುಕ್ಕೆ ಇಟ್ಟು ಗೆರೆ ಕೂಡಿಸಿದೆ. ಇನ್ನೊಂದು ಸಂಗತಿಯೂ ನನಗೆ ತಿಳಿದಿತ್ತು: 'ರೂಟ್' ಎಂದು ಕಳಿಸಿದರೆ ಜಿಪಿಎಸ್ ತಾನೇ ಮತ್ತೆ ಲೆಕ್ಕ ಹಾಕಿ ಸವಾರನನ್ನು ಒಳ್ಳೆಯ ರಸ್ತೆಗೆ ಕರೆದೊಯ್ಯಬಹುದು, 'ಟ್ರ್ಯಾಕ್' ಎಂದು ಕಳಿಸಿದರೆ ಕೊಟ್ಟ ಗೆರೆಯನ್ನು ಹಾಗೇ ತೋರಿಸುತ್ತದೆ, ಮರುಮಾತಾಡುವುದಿಲ್ಲ. ನಾನು ಟ್ರ್ಯಾಕ್ ಮಾಡಿಯೇ ಕಳಿಸಿದೆ. ಇದಕ್ಕೆ ಕಿವಿಯ ದೋಷ ಎನ್ನುತ್ತಾರೆಯೇ?

ಸವಾರಿಯ ದಿನ ಬೆಳಗಿನ ಹೊತ್ತು, ಸರವಣನ್ ಎಲ್ಲರಿಗಿಂತ ಮುಂದಿದ್ದರು. ಜಾಡಿನ ಮೋರಿ ಹಿಂದಿನ ಮಳೆಗೇ ಕುಸಿದುಹೋಗಿತ್ತು. ಗುಂಡಿಯ ಮೇಲೆಲ್ಲ ಲಂಟಾನ ಹಬ್ಬಿ ಏನೂ ಕಾಣುತ್ತಿರಲಿಲ್ಲ. ಬೈಕ್ ಸಮೇತ ಒಳಗೆ ಬಿದ್ದರು. ಕಾಲು ಎರಡು ಕಡೆ ಮುರಿಯಿತು. ಈಗಲೂ ಅವರು ಕುಂಟುತ್ತಲೇ ನಡೆಯುತ್ತಾರೆ.

ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನಾನು ಮಾತು ಜೋಡಿಸುತ್ತಿದ್ದೆ. ಅವರ ಕಾಲಿನ ಯೋಚನೆಯಲ್ಲ, ನನ್ನ ಹೆಸರಿನ ಯೋಚನೆ. ಯಾರು ಹೇಳಿದ್ದು ಅದು ದಾರಿ ಅಂತ ಎಂದು ಅವರು ಕೇಳಿದಾಗ ಮಾತು ತಯಾರಾಗಿತ್ತು. 'ತಿಗನಾರೆಯಲ್ಲಿ ಸಿದ್ದಮ್ಮ ಅಂತ ಒಬ್ಬಳು ಮುದುಕಿ ಆಳ್ ದಾರಿ ಅಂದಳು. ಆಳುಗಳು ಓಡಾಡುವ ದಾರಿ ಅಂದುಕೊಂಡೆ, ಅವಳು ಹೇಳಿದ್ದು ಹಾಳು ದಾರಿಯಂತೆ. ನಾನು ಓದಿದ್ದೆಲ್ಲ ಮೈಸೂರಿನಲ್ಲಿ ನೋಡಿ, ಈ ಕಡೆಯವರ ಮಾತು ನನಗೆ ಅಷ್ಟಾಗಿ...' ಆಳ್ ದಾರಿಯನ್ನು ಇಟ್ಟುಕೊಂಡೆ, ಅದರ ಹಿಂದಿದ್ದ 'ಆದ್ರೆ'ಯನ್ನು ನುಂಗಿಬಿಟ್ಟೆ. ಸರವಣನ್ ನನ್ನ ಮುಖವನ್ನೇ ನೋಡಿದರು. ನೋವಿನಲ್ಲೂ ನಗು ಬಂತು ಅವರಿಗೆ. ನನಗೆ ಎಷ್ಟು ನಿರಾಳವಾಯಿತೆಂದರೆ — ಥೂ, ಅದನ್ನು ಬರೆಯಲೂ ಹೇಸಿಗೆಯಾಗುತ್ತದೆ.

ಹಾಸಿಗೆಯ ಮೇಲಿಂದಲೇ ಅವರು ಒಂದು ವಿಡಿಯೋ ಮಾಡಿ ಹಾಕಿದರು. ಒಂದು ಅಕ್ಷರ ಹೇಗೆ ತಮ್ಮ ಕಾಲು ಮುರಿಯಿತು ಎಂಬ ತಮಾಷೆ. ಅವರನ್ನು ನಾನು ದೂರುವುದಿಲ್ಲ, ಅವರಿಗೆ ಸುಳ್ಳು ಕೊಟ್ಟವನು ನಾನು. ಆದರೆ ನಮ್ಮೂರವರನ್ನು ಏನೆನ್ನಲಿ? ತಿಗನಾರೆಯ ಟೀ ಅಂಗಡಿಯವನು ಹೋಟೆಲಿಗೆ 'ಓಟ್ಲು' ಎನ್ನುವವನು. ಅವನೇ ಸಿದ್ದಮ್ಮನಿಗೆ 'ಆಳ್‌ದಾರಿ' ಎಂದು ಹೆಸರಿಟ್ಟ. ಹುಣಸೆಗೆ 'ಉಣ್ಸೆ' ಎನ್ನುವವರೆಲ್ಲ ಅವಳನ್ನು ಕಂಡರೆ 'ಅಮ್ಮಾ, ಒಂದ್ಸಲ ಹಾ ಅನ್ನು' ಎಂದು ಕಿಚಾಯಿಸಿದರು. ಅದೇ ಮಾತನ್ನು ನನ್ನ ತಾಯಿ ಹೇಳಿದ್ದರೆ ಇವರು ಹಾಗೆ ನಗುತ್ತಿದ್ದರೇ? ನಾಲಿಗೆ ಎಲ್ಲರದೂ ಒಂದೇ, ಆದರೆ ಕೂಲಿಯವಳ ನಾಲಿಗೆ ಮಾತ್ರ ತಪ್ಪಿತಸ್ಥ. ಈ ಬೆಟ್ಟದಲ್ಲಿ ಹುಟ್ಟಿದ ಯಾರೂ ನನ್ನ ಕತೆಯನ್ನು ನಿಜವಾಗಿ ನಂಬಿರಲಾರರು. ನಂಬಿಕೆಯಾಗಲಿಲ್ಲ, ಹಿತವಾಯಿತು. ಅದು ಹಿತವಾಗುತ್ತದೆಂದು ನನಗೂ ಗೊತ್ತಿತ್ತು, ಅದಕ್ಕೇ ಅವಳ ಹೆಸರು ಹೇಳಿದೆ.

ಒಂದು ದಿನ ಅವಳು ಅಂಗಡಿಗೆ ಬಂದಳು. ಒಳಗೆ ಬಾ ಎಂದರೂ ಬರದೆ ಮೆಟ್ಟಿಲ ಕೆಳಗೇ ನಿಂತಳು.

"ನನ್ ನಾಲ್ಗೆಯಿಂದ ಒಬ್ರ ಕಾಲು ಓಯ್ತಂತೆ, ದಿಟವಾ ಬುದ್ದಿ?"

ಆಗ ಹೇಳಬಹುದಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಎರಡು ಮಾತು ಸಾಕಿತ್ತು. ನಾನು ಹೇಳಿದ್ದೇನು ಗೊತ್ತೇ?

"ಹೋಗ್ಲಿ ಬಿಡು ಸಿದ್ದಮ್ಮ. ನೀನೇನು ಬೇಕೂಂತ ಮಾಡಿದ್ದಲ್ಲವಲ್ಲ."

ಕ್ಷಮಿಸಿದೆ! ನನ್ನ ತಪ್ಪಿಗೆ ಅವಳನ್ನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. 'ಹೋಗ್ಲಿ' ಎನ್ನುವಾಗ ಹಕಾರವನ್ನು ಒಂದು ಚೂರು ಒತ್ತಿಯೇ ಹೇಳಿದೆ. ಅವಳು ಕೈ ಮುಗಿದು ಹೋದಳು. ಮುರಿದ ಕಾಲಿಗಿಂತ, ವಿಡಿಯೋಗಿಂತ, ನನ್ನನ್ನು ಹೆಚ್ಚು ಸುಡುವುದು ಆ ಮುಗಿದ ಕೈ. ಸುಡಲಿ.

ಆಮೇಲೆ ಸಿದ್ದಮ್ಮ ಯಾರಿಗೂ ದಾರಿ ಹೇಳುವುದನ್ನು ಬಿಟ್ಟಳಂತೆ. ಕೇಳಿದವರಿಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದಳಂತೆ. ಕೇಳಿ ತಿಳಿದೂ ನಾನು ಜೆರಾಕ್ಸ್ ತೆಗೆದುಕೊಂಡು, ದಾರಿ ಬರೆದುಕೊಂಡು ಆರಾಮವಾಗಿದ್ದೆ.

ಹೋದ ವಾರ ಇನ್ನೊಂದು ಗುಂಪಿಗೆ ದಾರಿ ನೋಡಲೆಂದು ತಿಗನಾರೆ ಕಡೆ ಹೊರಟಿದ್ದೆ. ಟೀ ಅಂಗಡಿಯ ಮುಂದೆ ನಾಲ್ಕೈದು ಜನ ಕುಳಿತಿದ್ದರು. ದನಗಳ ಹಿಂದೆ ಬರುತ್ತಿದ್ದ ಸಿದ್ದಮ್ಮ ನನ್ನ ಬೈಕ್ ಕಂಡವಳೇ ಕೋಲು ಅಡ್ಡ ಹಿಡಿದಳು. ತುಟಿ ಎರಡು ಸಲ ಅಲ್ಲಾಡಿತು. ಆಮೇಲೆ ಒಂದೊಂದೇ ಮಾತನ್ನು ಉಸಿರು ಕಟ್ಟಿ ಹೊರಗೆ ತಳ್ಳಿದಳು.

"ಹಾ ಕಡೆ ಹೋಗ್ಬ್ಯಾಡಿ ಬುದ್ದಿ. ಹಾನೆ ಹವೆ."

ಬೆಂಚಿನವರು ಗೊಳ್ಳೆಂದು ನಕ್ಕರು. 'ಹಾನೆಯಂತೆ ಕಣ್ಲಾ, ಹಾನೆ!' ಎಂದ ಒಬ್ಬ. ಸಿದ್ದಮ್ಮ ಅವರ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಈಗ ಸರ್ಯಾಗಿ ಅಂದ್ನಾ ಬುದ್ದಿ?"

ಬೇಡದ ಕಡೆಯೆಲ್ಲ ಹಕಾರ ತುಂಬಿಕೊಂಡು ಬಂದಿದ್ದಳು — ಅರವತ್ತು ದಾಟಿದ ಹೆಂಗಸು, ದನಗಳ ಹಿಂದೆ ಒಬ್ಬಳೇ ನಡೆಯುತ್ತ ಅಭ್ಯಾಸ ಮಾಡಿ, ಇನ್ನೊಬ್ಬರ ಕಾಲು ಮುರಿಯದಿರಲೆಂದು. ನನ್ನ ಕಾಲು ಮುರಿಯದಿರಲೆಂದು! ನಾನು ಬೈಕ್ ಆರಿಸಿ ಇಳಿದೆ. ಹೇಳಿದೆ. ನೀನು ಹೇಳಿದ್ದು ಹಾಳು ದಾರಿ ಅಂತಲೇ ತಿಳಿದಿತ್ತು, ಹಾಗೇ ಬರೆದಿದ್ದೆ, ಆಮೇಲೆ ನಾನೇ ಅಳಿಸಿದೆ ಎಂದೆ. ಮೈಸೂರಿನ ಕನ್ನಡ ಬಾಯಿಗೆ ಬರಲಿಲ್ಲ. "ತೆಪ್ಪು ನಂದು ಸಿದ್ದವ್ವಾ. ಸುಳ್ಳು ಏಳ್ಬುಟ್ಟೆ" ಎಂದೆ.

ಅವಳು ಅಡ್ಡ ಹಿಡಿದಿದ್ದ ಕೋಲನ್ನು ಇಳಿಸಿದಳು.

"ಅಂಗಾದ್ರೆ... ನಾನು ಸರ್ಯಾಗೇ ಏಳಿದ್ನಾ?"

"ಸರ್ಯಾಗೇ ಏಳಿದ್ದೆ."

ಕೋಲನ್ನು ನೆಲಕ್ಕೆ ಕುಟ್ಟಿದಳು. "ಒಂದೂವರೆ ವರ್ಸ ನನ್ ನಾಲ್ಗೆನ ನಾನೇ ಬೈಕಂಡು ತಿರುಗಿದ್ನಲ್ಲಾ! ಒಬ್ರ ಕಾಲ್ ಮುರ್ದ ಪಾಪಿ ಅನ್ಕಂಡು ತಟ್ಟೆ ಮುಂದೆ ಅನ್ನ ಬುಟ್ಟು ಎದ್ದಿವ್ನಲ್ಲಾ! ನೀನು ತಿಳ್ದೂ ತಿಳ್ದೂ ಸುಮ್ಕಿದ್ಯೇನ್ಲಾ? ಇವ್ರಿಗೆ ಏಳ್ಲಾ. ನಗ್ತಾವ್ರಲ್ಲ, ಇವ್ರಿಗೂ ಏಳು!"

ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ ಅವಳು ನನ್ನನ್ನು 'ಬುದ್ದಿ' ಎಂದೇ ಕರೆದವಳು. ನನ್ನ ಯೋಗ್ಯತೆಗೆ ತಕ್ಕ ಮಾತು ಅಂದು ಬಂತು.

ಬೆಂಚಿನವರ ಮುಂದೆ ನಿಂತು ಮತ್ತೆ ಹೇಳಿದೆ, ಮೊದಲಿನಿಂದ. ಯಾರೂ ನಗಲಿಲ್ಲ. ಅವಳ ಹತ್ತಿರ ತಪ್ಪಾಯಿತು ಎಂದವರೂ ಒಬ್ಬರಿಲ್ಲ. ಒಬ್ಬ ಟೀ ಆರಿಹೋಯಿತೆಂದು ಗೊಣಗಿದ. ಬೇಕಿದ್ದರೆ ಗೊಣಗಲಿ, ಈಗ ಓದಿಯಾದರೂ ಅವರಿಗೆ ನಾಚಿಕೆಯಾಗಲಿ, ನನಗಾದಷ್ಟು.

ಟಿಪ್ಪಣಿ ಅಳಿಸುವ ಮೊದಲಿನ ಫೈಲ್ ಆ ನಕಾಶೆಯ ತಾಣದಲ್ಲಿ ಇನ್ನೂ ಉಳಿದಿದೆ. ಅದನ್ನೂ ಈ ಬರಹವನ್ನೂ ಸರವಣನ್‌ಗೆ ಕಳಿಸಿದ್ದೇನೆ. ಅವರು ಏನು ಮಾಡಿದರೂ ಸರಿ, ನಾನು ಬೇಡ ಎನ್ನುವುದಿಲ್ಲ. ನಕಾಶೆಯಲ್ಲಿ ಆ ತಿರುವಿನ ಚುಕ್ಕೆಯನ್ನು ಮತ್ತೆ ಇಟ್ಟಿದ್ದೇನೆ. 'ಆಳ್ ದಾರಿ. ಹೋಗಬೇಡಿ. ಹೇಳಿದವರು ತಿಗನಾರೆ ಸಿದ್ದಮ್ಮ' ಎಂದು ಬರೆದಿದ್ದೇನೆ. ಅವಳ ಮಾತನ್ನು ತಿದ್ದಿಲ್ಲ.

ಅಂದು ಅವಳು ದನ ಹೊಡೆದುಕೊಂಡು ಹತ್ತು ಹೆಜ್ಜೆ ಹೋದ ಮೇಲೆ ನಾನು ಬೈಕ್ ಚಾಲೂ ಮಾಡಿದ ಸದ್ದು ಕೇಳಿ ತಿರುಗಿದಳು. ಮುಖದಲ್ಲಿ ಸಿಟ್ಟು ಹಾಗೇ ಇತ್ತು.

"ಆ ಕಡೆ ಓಗ್ಬ್ಯಾಡ ಕಣ್ಲಾ" ಎಂದು ಕೂಗಿದಳು. "ಆನೆ ಅವೆ."