ಎರಡು ಸೀಟಿನ ಕಾರು, ಐದು ಮಂದಿ

2006ರ ಏಪ್ರಿಲ್ 11ರ ಮಂಗಳವಾರ ನಮ್ಮ ತಂದೆ ಏಳು ಸೀಟಿನ ತಮ್ಮ ಜಪಾನಿ ಗಾಡಿಯನ್ನು ಹೊಸಪೇಟೆಯವರೊಬ್ಬರಿಗೆ ಕೊಟ್ಟು, ಬದಲಿಗೆ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿದ್ದ ಎರಡು ಸೀಟಿನ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ಕೊಟ್ಟೂರಿಗೆ ತಂದರು. ಆಗ ಹರಪನಹಳ್ಳಿಯಲ್ಲಿ ನನ್ನ ಮದುವೆಯ ಮಾತುಕತೆ ಬಹುತೇಕ ಮುಗಿದಿತ್ತು. ತಾಂಬೂಲ ಬದಲಾಯಿಸುವುದೊಂದು ಉಳಿದಿತ್ತು.

ನನಗೆ ಇಪ್ಪತ್ತೈದು ವರ್ಷ. ಜಿಲ್ಲಾ ಪತ್ರಿಕೆಯೊಂದಕ್ಕೆ ಕೊಟ್ಟೂರು, ಕೂಡ್ಲಿಗಿ ಕಡೆಯ ಸುದ್ದಿ ಕಳಿಸುತ್ತಿದ್ದೆ. ಹುಡುಗ ಹರಪನಹಳ್ಳಿಯಲ್ಲಿ ಕಾಲೇಜು ಉಪನ್ಯಾಸಕ. ಮದುವೆಯಾದ ಮೇಲೂ ನಾನು ಪತ್ರಿಕೆಯ ಕೆಲಸ ಬಿಡಬೇಕಾಗಿಲ್ಲ ಎಂದು ಅವರೇ ಹೇಳಿದ್ದರು, ನಾನು ಕೇಳಿರಲಿಲ್ಲ. ಅದಕ್ಕೆ ಮೊದಲು ಬಂದ ಮೂರು ಸಂಬಂಧಗಳು ಈ ಕೆಲಸದ ವಿಷಯ ಬಂದ ಕೂಡಲೇ ನಿಂತುಹೋಗಿದ್ದವು. ಈ ಮನೆಗೆ ಹೋಗಬೇಕೆಂದು ನನಗಿತ್ತು. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ತಂದೆ ಲಾರಿ ಫಿಟ್ಟರ್ ಆಗಿ ಬದುಕು ಆರಂಭಿಸಿದವರು. ಆಗ ಅವರಲ್ಲಿ ನಾಲ್ಕು ಲಾರಿಗಳಿದ್ದವು. ದೊಡ್ಡ ಗಾಡಿಯನ್ನು ಎರಡು ವರ್ಷದ ಹಿಂದೆ ಕೊಂಡಿದ್ದರು. ಬಿಳಿ ಬಣ್ಣ, ಹತ್ತಲು ಮೆಟ್ಟಿಲು, ಒಳಗೆ ಎಸಿ. ಅದು ಬಂದ ದಿನದಿಂದ ಅದು ನಮ್ಮದೊಂದೇ ಆಗಿ ಉಳಿಯಲಿಲ್ಲ. ಗುಡೇಕೋಟೆಯಿಂದ ಬಾಣಂತಿಯನ್ನು ಕರೆತರಲು, ಹಡಗಲಿಯ ಬೀಗರನ್ನು ಬಿಟ್ಟು ಬರಲು, ಮದುಮಗಳನ್ನು ಮನೆ ತುಂಬಿಸಲು ಓಣಿಯವರೆಲ್ಲ ಕೇಳುತ್ತಿದ್ದರು, ತಂದೆ ಕೊಡುತ್ತಿದ್ದರು. ಅವರಿಗೆ ಅದರ ಮೇಲೆ ಇದ್ದ ದೂರು ಬೇರೆ. ಯಾವುದೋ ಒಂದು ಕೆಂಪು ದೀಪ ಹತ್ತಿದರೂ ಗಾಡಿಯನ್ನು ಬೆಂಗಳೂರಿಗೆ ಒಯ್ಯಬೇಕಿತ್ತು.

“ಬಾನೆಟ್ ಎತ್ತಿದ್ರ ಪ್ಲಾಸ್ಟಿಕ್ ಮುಚ್ಚಳ ಐತಿ. ಕೈ ಹಾಕಾಕ ಜಾಗಾ ಇಲ್ಲ,” ಎನ್ನುತ್ತಿದ್ದರು. “ನಾ ಏನು ಮಾಡ್ಲಿ? ಊದಿನಕಡ್ಡಿ ಹಚ್ಚಿ ಕೈ ಮುಗೀಲೇನು?”

ಹೊಸಪೇಟೆಗೆ ಲಾರಿ ಕೆಲಸದ ಮೇಲೆ ಹೋದಾಗ ಶೆಡ್ಡಿನ ಕಾರನ್ನು ನೋಡಿದರು. ಅದರ ಮಾಲೀಕರ ಮಕ್ಕಳಿಗೆ ದೊಡ್ಡ ಗಾಡಿ ಬೇಕಿತ್ತು. ಮಾತು ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಮನೆಗೆ ಬಂದದ್ದು ಮಾಸಿದ ಕೆಂಪು ಕಾರು. ನೆಲಕ್ಕೆ ಹತ್ತಿಕೊಂಡಂತೆ ತಗ್ಗು, ಮೇಲೆ ಮಡಚುವ ಬಟ್ಟೆ, ಗಾಲಿಗಳಿಗೆ ಸೈಕಲ್ಲಿನಂತೆ ಕಡ್ಡಿಗಳು. ತಾಯಿ ಅದರ ಸುತ್ತ ಒಂದು ಸುತ್ತು ಬಂದರು.

“ಹಿಂದಿನ ಸೀಟು ಎಲ್ಲೈತ್ರಿ?”

“ಇಲ್ಲ.”

“ಆಮ್ಯಾಲೆ ಹಾಕಿಸ್ತೀರೇನು?”

ತಂದೆ ಬಾನೆಟ್ ಎತ್ತಿ ಒಳಗೆ ಬಗ್ಗಿದ್ದರು. ಎದುರು ಮನೆಯ ಕಿರಾಣಿ ಅಂಗಡಿಯವರು ಕಟ್ಟೆಯ ಮೇಲಿಂದಲೇ ಕೇಳಿದರು: “ಏನ್ರೀ ಸಾವ್ಕಾರ್ರ, ಆನಿ ಕೊಟ್ಟು ಚಪ್ಪಲಿ ತಂದ್ರೇನು?” ಓಣಿಯಲ್ಲಿ ಅದರ ಹೆಸರು ಅಂದಿನಿಂದ ಚಪ್ಪಲಿ ಕಾರು.

ತಾಂಬೂಲಕ್ಕೆ ಮೇ ತಿಂಗಳ ಒಂದು ಸೋಮವಾರ ಗೊತ್ತಾಯಿತು. ಹೆಣ್ಣಿನ ಕಡೆಯಿಂದ ಐದು ಮಂದಿ ಹೋಗಬೇಕು. ನಮ್ಮಲ್ಲಿ ಇಂಥ ಕೆಲಸಕ್ಕೆ ಮೂವರು ಹೋಗುವುದಿಲ್ಲ, ಸರಿಸಂಖ್ಯೆಯಲ್ಲೂ ಹೋಗುವುದಿಲ್ಲ. ತಂದೆ, ತಾಯಿ, ತಂದೆಯ ಅಕ್ಕನಾದ ನಮ್ಮ ದೊಡ್ಡತ್ತೆ, ಓಣಿಯ ಹಿರಿಯರಾದ ನಿವೃತ್ತ ಮೇಷ್ಟ್ರು, ಮತ್ತು ತಾಯಿಯ ಅಣ್ಣನಾದ ಸೋದರಮಾವ, ಹೀಗೆ ಐದು. ಸೋದರಮಾವ ಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ ಒಕ್ಕಲುತನ ಮಾಡುವವರು. ಫೆಬ್ರವರಿಯಲ್ಲಿ ಮೊದಲ ಸಲ ಹರಪನಹಳ್ಳಿಗೆ ಹೋದಾಗ ದೊಡ್ಡ ಗಾಡಿಯ ಮುಂದಿನ ಸೀಟಿನಲ್ಲಿ ಅವರೇ ಕೂತಿದ್ದರು. ಆ ಸೀಟನ್ನು ಬೇರೆ ಯಾರೂ ಕೇಳಿರಲಿಲ್ಲ.

ಮದುವೆಯ ಕಾಲವಾದ್ದರಿಂದ ಊರಿನ ಬಾಡಿಗೆ ಜೀಪುಗಳೆಲ್ಲ ಹೊರಗಿದ್ದವು. ದೊಡ್ಡತ್ತೆ ಹಿಂದಿನ ದಿನವೇ ತಮ್ಮನನ್ನು ತರಾಟೆಗೆ ತೆಗೆದುಕೊಂಡಳು. “ಐದು ಮಂದಿ, ಎರಡು ಸೀಟು. ಉಳಿದೋರು ನಿನ್ನ ಲಾರಿ ಮ್ಯಾಲೆ ಕುಂದರ್ಬೇಕೇನಲೇ?”

“ಲಾರಿ ಯಾಕ? ಬಸ್ ಅದಾವಲ್ಲಕ್ಕ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ್ಯಾಗ ಕೂಡೋಣು. ಅಲ್ಲಿಂದ ಐದೂ ಮಂದಿ ಕೂಡೇ ಹೋಗೋಣು.”

ಸೋಮವಾರ ಬೆಳಿಗ್ಗೆ ಕಾರು ಚಾಲೂ ಆಗಲು ಬಹಳ ಹೊತ್ತು ಹಿಡಿಯಿತು. ಒಮ್ಮೆ ಚಾಲೂ ಆದ ಮೇಲೆ ತಂದೆ ಇಂಜಿನ್ ಆರಿಸಲಿಲ್ಲ. ತಾಯಿ ಸೀರೆ, ಕುಬಸದ ಕಣ, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟ ತಾಟನ್ನು ಹಿಡಿದು ನಿಂತಿದ್ದರು. ನಾನು ಕಟ್ಟೆಯ ಮೇಲಿದ್ದೆ.

ತಂದೆ ಸ್ಟಿಯರಿಂಗ್ ಹಿಡಿದುಕೊಂಡೇ ಸೋದರಮಾವನನ್ನು ಕರೆದರು. “ಭಾವ, ನೀವು ಕುಂದರ್ರಿ.”

“ಇರ್ಲಿ ಬಿಡ್ರಿ. ತಂಗಿ ತಾಟು ಹಿಡಕೊಂಡು ನಿಂತಾಳ, ಆಕಿ ಕುಂದರ್ಲಿ. ನಾವು ಬಸ್ಸಿಗೆ ಬರ್ತೀವಿ,” ಅಂದರು ಸೋದರಮಾವ. ಹಾಗೆನ್ನುವಾಗ ಅವರ ಕೈ ಕಾರಿನ ಬಾಗಿಲಿನ ಮೇಲಿತ್ತು.

ನಮ್ಮ ಕಡೆ ಅದು ಉತ್ತರವಲ್ಲ. ಚಹಾ ಬೇಡ ಎಂದವರಿಗೆ ಇನ್ನೊಮ್ಮೆ ಹೇಳಬೇಕು. ಮತ್ತೂ ಬೇಡ ಎಂದರೆ ಲೋಟ ತಂದು ಕೈಗೇ ಕೊಡಬೇಕು. ಸೋದರಮಾವನಂಥವರನ್ನು ಮೂರನೆಯ ಸಲ ಕೈ ಹಿಡಿದು ಕೂರಿಸಬೇಕು. ಕರೆದ ಕೂಡಲೇ ಹತ್ತಿ ಕೂತರೆ ಹತ್ತಿದವರಿಗೆ ಕಡಿಮೆ, ಒಂದೇ ಸಲ ಕರೆದರೆ ಕರೆದವರಿಗೆ ಕಡಿಮೆ.

“ಆತು, ಹಂಗಾರ ಬಸ್ಸಿಗೆ ಬರ್ರಿ,” ಅಂದರು ತಂದೆ.

ತಾಯಿ ಕೂತರು. ಸೋದರಮಾವ ಬಾಗಿಲಿನಿಂದ ಕೈ ತೆಗೆದರು. ಕಾರು ಓಣಿಯ ತಿರುವು ದಾಟಿತು. ಆ ಹೊತ್ತಿನಲ್ಲಿ ‘ಅಣ್ಣಾ, ನೀನು ಬಾ’ ಎಂದು ತಾವು ಕೂಗಿದ್ದಾಗಿ ತಾಯಿ ಇಂದಿಗೂ ಹೇಳುತ್ತಾರೆ. ದೊಡ್ಡತ್ತೆ ಹಾಗೇನೂ ಕೇಳಿಸಲಿಲ್ಲ ಎನ್ನುತ್ತಾಳೆ. ನನಗೆ ಕೇಳಿಸಿದ್ದು ಇಂಜಿನ್ ಸದ್ದು ಮಾತ್ರ.

ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ನಡೆದದ್ದು ದೊಡ್ಡತ್ತೆ ಹೇಳಿದ್ದು. ಮೂವರೂ ಬೇವಿನ ಮರದ ಕೆಳಗೆ ನಿಂತಿದ್ದರು. ಹಡಗಲಿ ಬಸ್ಸು ಮೊದಲು ಬಂತು. ಅದು ಇಟ್ಟಿಗಿ ಮೇಲೆ ಹಾದು ಹೋಗುತ್ತದೆ. ಸೋದರಮಾವ ಧೋತರದ ಚುಂಗು ಎತ್ತಿ ಹಿಡಿದು ಅದನ್ನೇ ಹತ್ತಿದರು.

“ಅಯ್ಯ, ಅದು ಹರಪನಹಳ್ಳಿಗೆ ಹೋಗಂಗಿಲ್ರೀ!” ಎಂದು ದೊಡ್ಡತ್ತೆ ಕೂಗಿದಳು.

“ಗೊತ್ತೈತಿ,” ಅಂದರಂತೆ ಸೋದರಮಾವ, ಕಿಟಕಿಯಿಂದ.

ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ಮಾತಿತ್ತು. ಆದರೆ ತಂದೆ ಕಾರು ನಿಲ್ಲಿಸಿದ ಕೂಡಲೇ ಸುತ್ತ ಜನ ಸೇರಿದರು. ಇಂಜಿನ್ ಆರಿಸಿದರೆ ಮತ್ತೆ ಚಾಲೂ ಆಗುತ್ತದೋ ಇಲ್ಲವೋ ಎಂದು ತಂದೆ ಕಾಯದೆ ನೇರವಾಗಿ ಹುಡುಗನ ಮನೆಗೆ ಹೋದರು. ಬಾಗಿಲಲ್ಲಿ ಇಬ್ಬರೇ ಇಳಿದರು. ಕಾಲಿಗೆ ನೀರು ಕೊಟ್ಟರು, ಪಡಸಾಲೆಯಲ್ಲಿ ಕೂರಿಸಿದರು. ಹುಡುಗನ ಚಿಕ್ಕಪ್ಪ ಹೊರಗೆ ಹೋಗಿ ಕಾರನ್ನು ನೋಡಿ ಬಂದು ನಕ್ಕರು.

“ಬಾಳ ಚೆನ್ನಾಗೈತೆ ಕಣ್ರೀ. ಮದುವೆ ಆದ್ಮೇಲೆ ಗಂಡ ಹೆಂಡ್ತಿ ಇಬ್ರೇ ಓಡಾಡಬೋದು. ಅತ್ತೆ ಮಾವ ಹಿಂದಿಂದ ನಡ್ಕೊಂಡು ಬರ್ಬೋದು.”

ಎಲ್ಲರೂ ನಕ್ಕರು. ತಂದೆಯೂ ನಕ್ಕರು ಎಂದು ತಾಯಿ ಹೇಳಿದರು.

ಅರ್ಧ ಗಂಟೆಯ ನಂತರ ಮೇಷ್ಟ್ರು, ದೊಡ್ಡತ್ತೆ ಬಂದರು. ಸೋದರಮಾವನ ಸುದ್ದಿಯನ್ನು ದೊಡ್ಡತ್ತೆ ತಂದೆಯ ಕಿವಿಯಲ್ಲಿ ಹೇಳಿದಳು. ಆಗ ನಾಲ್ವರಾದರು. ಹುಡುಗನ ತಂದೆ ಬಾಗಿಲ ಕಡೆ ನೋಡಿದರು.

“ಸೋದರಮಾವ ಎಲ್ರೀ?”

“ಊರಿಗೆ ಹೋದ್ರು,” ಅಂದರು ತಂದೆ. ಅದೇ ಗಳಿಗೆಯಲ್ಲಿ ಮೇಷ್ಟ್ರು, “ಹೊಲದ ಕೆಲಸ ಬಂತಂತ್ರೀ, ಹಿಂದಿಂದ ಬರ್ತಾರ,” ಅಂದರು. ಎರಡು ಉತ್ತರಗಳೂ ಎಲ್ಲರಿಗೂ ಕೇಳಿಸಿದವು.

ಹುಡುಗನ ತಂದೆ ದನಿ ಏರಿಸಲಿಲ್ಲ. “ನಮ್ಮನೇಲಿ ತಾಂಬೂಲ ಹೆಣ್ಣಿನ ಸೋದರಮಾವನ ಕೈಯಿಂದ್ಲೇ ಇಸ್ಕೊಳ್ಳೋದು. ಅವ್ರು ಬರ್ಲಿ. ಇನ್ನೊಂದು ಸೋಮವಾರ ಇಟ್ಕೊಳ್ಳಾಣ. ಏನವಸರ?” ಅಂದರು. ನಾಲ್ವರಿಗೂ ಉಪ್ಪಿಟ್ಟು, ಕೇಸರಿಬಾತು, ಚಹಾ ಆಯಿತು. ತಾಟನ್ನು ಮುಟ್ಟಲಿಲ್ಲ. ಹುಡುಗ ಒಳಬಾಗಿಲ ಬಳಿ ನಿಂತಿದ್ದರು.

ಆ ಮಧ್ಯಾಹ್ನ ನಾನು ಕೂಡ್ಲಿಗಿಯ ನೀರಿನ ಟ್ಯಾಂಕರ್ ಬಗ್ಗೆ ಸುದ್ದಿ ಬರೆದು ಫ್ಯಾಕ್ಸ್ ಮಾಡಿದ್ದೆ. ಹದಿನಾಲ್ಕು ಸಾಲು. ಮನೆಗೆ ಬರುವಾಗ ಕಾರು ಬಾಗಿಲಲ್ಲಿತ್ತು. ತಾಟು ಹೋದ ಹಾಗೆಯೇ ಬಂದು ಜಗುಲಿಯ ಮೇಲೆ ಕೂತಿತ್ತು. ಕೈಕಾಲು ತೊಳೆದು ಊಟ ಮಾಡಿದೆ. ಏನಾದರೂ ಅನ್ನಿಸಿತೋ ಎಂದು ನೆನಪು ಮಾಡಿಕೊಂಡರೆ ಅಂದಿನ ಸಾರಿನಲ್ಲಿ ಉಪ್ಪು ಹೆಚ್ಚಾಗಿದ್ದುದು ಮಾತ್ರ ನೆನಪಿದೆ.

ಬುಧವಾರ ತಂದೆ ಸೋದರಮಾವನನ್ನು ಕರೆಯಲು ಇಟ್ಟಿಗಿಗೆ ಹೋದರು. ಹೋದದ್ದು ಅದೇ ಕಾರಿನಲ್ಲಿ. ಸಂಜೆ ಒಬ್ಬರೇ ವಾಪಸ್ ಬಂದರು.

“ಏನಂದ?” ತಾಯಿ ಕೇಳಿದರು.

“ಗಾಡಿ ಬಾಳ ಚೊಲೋ ಐತಿ ಅಂದ. ಚಹಾ ಕೊಟ್ಟ. ಬರ್ರಿ ಅಂದೆ. ಹೊಲಕ್ಕ ಹೊಂಟೀನಿ ಅಂದ.”

“ಎಷ್ಟು ಸಲ ಕರದ್ರಿ?”

“ಒಮ್ಮೆ.”

“ಒಮ್ಮೆ!”

“ಬರಂಗಿಲ್ಲ ಅಂದ್ರ ಬರಂಗಿಲ್ಲ. ದೊಡ್ಡ ಮನಿಷ್ಯಾ ಅದಾನ, ಅವನ ಬಾಯಿಗೆ ಬೀಗಾ ಐತೇನು? ಬರೋದಿದ್ರ ಬರ್ತೀನಿ ಅಂತಿದ್ದ.”

ತಾಯಿ ಗೋಡೆಗೆ ಒರಗಿ ಕೂತರು. ದೊಡ್ಡ ಗಾಡಿಯನ್ನು ವಾಪಸ್ ತರಲು ಆಗುತ್ತದೆಯೇ ಎಂದು ಕೇಳಿದರು. ಒಂದೇ ದಿನಕ್ಕೆ, ಎರವಲು. ತಂದೆ ಹೊಸಪೇಟೆಗೆ ಫೋನ್ ಮಾಡಿದರು. ಗಾಡಿಯನ್ನು ಮಕ್ಕಳು ಗೋವಾಕ್ಕೆ ಒಯ್ದಿದ್ದರು. ಬಾಡಿಗೆ ಜೀಪು ಕಳಿಸುತ್ತೇವೆ ಎಂದು ಮೇಷ್ಟ್ರ ಮೂಲಕ ಇಟ್ಟಿಗಿಗೆ ಹೇಳಿ ಕಳಿಸಿದರು. “ಬಾಡಿಗಿ ಜೀಪಿನ್ಯಾಗ ಬರಾಕ ನಾನೇನು ಪ್ಯಾಸೆಂಜರ್ ಅದೀನೇನು?” ಎಂಬ ಉತ್ತರ ಬಂತು.

ಮುಂದಿನ ಸೋಮವಾರ ಬೆಳಿಗ್ಗೆ ತಂದೆ ಕಾರಿನ ಕೆಳಗೆ ಮಲಗಿ ಏನನ್ನೋ ಬಿಗಿ ಮಾಡುತ್ತಿದ್ದಾಗ ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದೆ. “ಅಪ್ಪ, ಅವತ್ತು ಮಾವನ್ನ ಇನ್ನೊಮ್ಮೆ ಯಾಕ ಕರೀಲಿಲ್ಲ?”

ನಟ್ಟಿನ ಮೇಲೆ ಪಾನಾ ತಿರುಗುವ ಸದ್ದು ಬಂತು.

“ಇಂಜಿನ್ ಚಾಲೂ ಇತ್ತು,” ಅಂದರು.

ಆ ವಾರವೇ ತಾಯಿ ಬಸ್ಸಿನಲ್ಲಿ ಇಟ್ಟಿಗಿಗೆ ಹೋಗಿ ಮೂರು ದಿನ ಅಣ್ಣನ ಮನೆಯಲ್ಲಿ ಕೂತರು. ಬಿತ್ತನೆ ಮುಗಿದ ಮೇಲೆ ಬರುತ್ತೇನೆ ಎಂದು ಸೋದರಮಾವ ಒಪ್ಪಿದರು. ಬಿತ್ತನೆ ಜೂನ್ ಕೊನೆಗೆ ಮುಗಿಯಿತು. ಅಷ್ಟರಲ್ಲಿ ಆಷಾಢ ಹಿಡಿಯಿತು. ಆಷಾಢದಲ್ಲಿ ತಾಂಬೂಲದ ಮಾತಿಲ್ಲ.

ಆಷಾಢದಲ್ಲಿ ಒಂದು ಸಂಜೆ ಮನೆಯ ಫೋನಿಗೆ ಹುಡುಗನ ಕರೆ ಬಂತು. ಪಡಸಾಲೆಯಲ್ಲಿ ನಾನೊಬ್ಬಳೇ ಇದ್ದೆ. ದಾವಣಗೆರೆಯಿಂದ ಇನ್ನೊಂದು ಸಂಬಂಧ ಬಂದಿದೆ, ಮನೆಯಲ್ಲಿ ಹಿರಿಯರು ಅದರ ಕಡೆ ವಾಲುತ್ತಿದ್ದಾರೆ, ಇನ್ನೂ ಏನೂ ಮುಗಿದಿಲ್ಲ ಎಂದರು. ನಾನು ಹೂಂ ಅಂದೆ.

“ನೀವು ಬೇಕು ಅಂದ್ರೆ ನಾನು ಅಪ್ಪಾಜಿ ಹತ್ರ ಮಾತಾಡ್ತೀನಿ. ನೀವೇನಂತೀರಿ?”

“ಹಿರೇರು ಹೆಂಗ ಹೇಳ್ತಾರ ಹಂಗ,” ಅಂದೆ.

ನಾನು ಫೋನ್ ಹಿಡಿದುಕೊಂಡೇ ಇದ್ದೆ.

“ಆಯ್ತು ಹಂಗಾದ್ರೆ,” ಅಂದರು. ಎರಡನೆಯ ಸಲ ಕೇಳಲಿಲ್ಲ. ಈ ಕರೆಯ ವಿಷಯ ನಾನು ಮನೆಯಲ್ಲಿ ಹೇಳಲಿಲ್ಲ.

ಶ್ರಾವಣದ ಮೊದಲ ವಾರ ಹರಪನಹಳ್ಳಿಯಿಂದ ಮೇಷ್ಟ್ರಿಗೆ ಕಾಗದ ಬಂತು. ಜಾತಕ ಇನ್ನೊಮ್ಮೆ ತೋರಿಸಲಾಗಿ ಹೊಂದಿಕೆ ಕಾಣಲಿಲ್ಲ ಎಂದಿತ್ತು. ಜಾತಕವನ್ನು ಅವರು ಮೊದಲ ಸಲವೂ ಕೇಳಿರಲಿಲ್ಲ. ಮೇಷ್ಟ್ರು ಕಾಗದವನ್ನು ಓದಿ ಹೇಳಿ, ಮಡಚಿ, ತಂದೆಯ ಕೈಗೆ ಕೊಟ್ಟು ಹೋದರು. ಹುಡುಗನ ಮದುವೆ ಆ ವರ್ಷವೇ ದಾವಣಗೆರೆಯಲ್ಲಿ ಆಯಿತು. ಕರೆಯೋಲೆ ಬಂದಿತ್ತು. ತಂದೆ, ಮೇಷ್ಟ್ರು ಹೋಗಿ ಅಕ್ಷತೆ ಹಾಕಿ ಬಂದರು.

ಮರುವರ್ಷ ನನ್ನನ್ನು ಪತ್ರಿಕೆಯ ಹುಬ್ಬಳ್ಳಿ ಕಚೇರಿಯ ಡೆಸ್ಕಿಗೆ ತೆಗೆದುಕೊಂಡರು. ತಾಲ್ಲೂಕುಗಳಿಂದ ಬರುವ ಸುದ್ದಿಯನ್ನು ತಿದ್ದುವ ಕೆಲಸ. ಹಬ್ಬಕ್ಕೆ ಕೊಟ್ಟೂರಿಗೆ ಹೋಗುತ್ತೇನೆ. ತಾಯಿ ಆ ಕಾರಿನಲ್ಲಿ ಮತ್ತೆ ಕೂತಿಲ್ಲ. ತಂದೆಯೂ ಸೋದರಮಾವನೂ ಮದುವೆ ಮುಂಜಿಗಳಲ್ಲಿ ಭೇಟಿಯಾದಾಗ ಮಳೆ ಬೆಳೆಯ ಬಗ್ಗೆ ಮಾತಾಡುತ್ತಾರೆ.

ಇದು 2009ರ ಜೂನ್. ಹೋದ ವಾರ ಸೋದರಮಾವ ಹುಬ್ಬಳ್ಳಿಗೆ ಫೋನ್ ಮಾಡಿದರು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ ಒಂದು ಸಂಬಂಧ ಇದೆ, ಹುಡುಗ ಕೃಷಿ ಇಲಾಖೆಯಲ್ಲಿದ್ದಾನೆ, ನಿನ್ನ ಕೆಲಸಕ್ಕೆ ಅವರ ಅಡ್ಡಿಯಿಲ್ಲ ಎಂದರು. ನಾನು ಸದ್ಯಕ್ಕೆ ಬೇಡ ಎಂದೆ. ಮರುದಿನ ಮತ್ತೆ ಫೋನ್ ಮಾಡಿದರು. ಬೇಡ ಎಂದೆ. ನಿನ್ನೆ ಸಂಜೆ ಮೂರನೆಯ ಸಲ ಮಾಡಿದರು. ಈ ಸಲ ಬೇಡ ಎನ್ನಲಿಲ್ಲ. ಬರುವ ಸೋಮವಾರ ಬೆಳಿಗ್ಗೆ ಅವರು ಇಟ್ಟಿಗಿಯಿಂದ ಹುಬ್ಬಳ್ಳಿಗೆ ಬರುತ್ತಾರೆ.