ಕತ್ತರಿ ಮಾವನ ಮರದ ಅರ್ಜಿ

ಗರಗಸದಕ್ಕ ಅಂದರೆ ಕೈಯಲ್ಲಿ ಗರಗಸ ಹಿಡಿದ ಯಾರೋ ಗಟ್ಟಿಗಿತ್ತಿ ಅಂದುಕೊಳ್ಳಬೇಡಿ. ಆಕೆ ಜನ್ಮದಲ್ಲಿ ಗರಗಸ ಮುಟ್ಟಿದವಳಲ್ಲ. ಪಟ್ಟಣದ ಮರ ಮಂಡಳಿಯಲ್ಲಿ ತಪಾಸಣೆ ಕೆಲಸ ಆಕೆಯದು. ಯಾರಿಗಾದರೂ ತಮ್ಮ ಅಂಗಳದ ಮರ ಕಡಿಸಬೇಕಾದರೆ ಮಂಡಳಿಗೆ ಅರ್ಜಿ ಹಾಕಬೇಕು. ಅರ್ಜಿ ಬಂದ ಮೇಲೆ ಈಕೆ ಹೋಗಿ ಮರಕ್ಕೆ ಟೇಪು ಸುತ್ತಿ ಅಳೆದು, ಬೇರು ಗೋಡೆಗೆ ನುಗ್ಗಿದೆಯೋ, ಕಾಂಡ ಒಳಗೆ ಟೊಳ್ಳಾಗಿದೆಯೋ ಅಂತ ತಟ್ಟಿ ನೋಡಿ ವರದಿ ಬರೆಯಬೇಕು. ಕಡಿಯುವುದೋ ಬಿಡುವುದೋ ಅಂತ ತೀರ್ಮಾನ ಮಾಡುವವರು ಮಂಡಳಿಯ ಸದಸ್ಯರು, ತಿಂಗಳಿಗೊಮ್ಮೆ ಸಭೆ ಸೇರಿ, ಕೈ ಎತ್ತಿ. ಆದರೆ ಜನರ ಕಣ್ಣಿಗೆ ಬೀಳುವವಳು ಈಕೆ ಒಬ್ಬಳೇ. ಮರ ಉಳಿದರೆ "ಅವಳೇ ಅಡ್ಡಗಾಲು ಹಾಕಿದ್ದು" ಅಂತ ಅರ್ಜಿ ಹಾಕಿದವರು ಹಲ್ಲು ಕಡಿಯುತ್ತಿದ್ದರು. ಮರ ಉರುಳಿದರೆ "ಅವಳೇ ಕಡಿಸಿದ್ದು" ಅಂತ ಎದುರು ಮನೆಯವರು ಮುಖ ತಿರುಗಿಸುತ್ತಿದ್ದರು. ಹೀಗೆ ಎರಡೂ ಕಡೆಯಿಂದ ಬೈಸಿಕೊಂಡು ಸಂಪಾದಿಸಿದ ಬಿರುದು ಗರಗಸದಕ್ಕ.

ಇಂಥ ಕೆಲಸದಲ್ಲಿರುವವರಿಗೆ ಸ್ನೇಹಿತರು ಎಲ್ಲಿಂದ ಬರಬೇಕು ಹೇಳಿ? ವರದಿ ಬರೆಯುವ ತನಕ "ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ" ಅಂತ ಬೆಣ್ಣೆ ಹಚ್ಚಿದವರು ಆಮೇಲೆ ದಾರಿಯಲ್ಲಿ ಸಿಕ್ಕರೆ ಗುರುತೇ ಹಿಡಿಯುತ್ತಿರಲಿಲ್ಲ. ಆಫೀಸಿನಲ್ಲಿ ಆಕೆಯ ಮೇಜು ಇದ್ದದ್ದು ಮೆಟ್ಟಿಲಿನ ಕೆಳಗೆ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಎದುರಿಗೆ ಗೋಡೆ. ಮನೆ ಅಂದರೆ ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆ. ಮದುವೆ ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಕೇಳಿ ಪ್ರಾಣ ತಿನ್ನುತ್ತಿದ್ದವರೂ ಈಗ ಉಳಿದಿರಲಿಲ್ಲ. ಬೇರೆ ಊರಿನಲ್ಲಿದ್ದ ತಂಗಿ ಭಾನುವಾರ ಫೋನ್ ಮಾಡಿ "ಊಟ ಆಯ್ತೇನೇ ಅಕ್ಕ?" ಅನ್ನುವಳು. ಇವಳು "ಆಯ್ತು" ಅನ್ನುವಷ್ಟರಲ್ಲಿ ಆ ಕಡೆ ಮಕ್ಕಳ ಜಗಳ ಶುರು. "ಇರು, ಆಮೇಲೆ ಮಾಡ್ತೀನಿ" ಅಂತ ತಂಗಿ ಫೋನ್ ಇಡುವಳು. ಆ ಆಮೇಲೆ ಅಂದರೆ ಮುಂದಿನ ಭಾನುವಾರ. ಕೆಲವು ದಿನ ಸಂಜೆ ಕೋಣೆಗೆ ಬಂದು ದೀಪ ಹಾಕಿದ ಮೇಲೆ, ಅಯ್ಯೋ, ಬೆಳಗಿನಿಂದ ಬಾಯಿ ಬಿಟ್ಟು ಒಂದು ಮಾತೂ ಆಡಿಲ್ಲವಲ್ಲ ಅಂತ ನೆನಪಾಗಿ, ದನಿ ಇದೆಯೋ ಇಲ್ಲವೋ ಅಂತ ಒಂದು ಸಲ ಕೆಮ್ಮಿ ನೋಡಿಕೊಳ್ಳುತ್ತಿದ್ದಳು. ಒಂಟಿತನ ಅಂದರೆ ಅದೇ ಸ್ವಾಮಿ, ಅದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಇಡೀ ಪಟ್ಟಣದಲ್ಲಿ ಆಕೆ ಬಂದರೆ ಮುಖ ಅರಳುತ್ತಿದ್ದ ಮನೆ ಒಂದೇ ಒಂದು, ಕತ್ತರಿ ಮಾವನದು. ಆತ ಆಯುಷ್ಯವೆಲ್ಲ ಕಟಿಂಗ್ ಶಾಪ್ ಇಟ್ಟುಕೊಂಡಿದ್ದವನು. ಆ ಕಸುಬಿನಲ್ಲಿ ಕತ್ತರಿಗಿಂತ ಬಾಯಿಗೇ ಹೆಚ್ಚು ಕೆಲಸ. ಬೀದಿಯ ಮಕ್ಕಳೆಲ್ಲ ಅವನ ಕುರ್ಚಿಯಲ್ಲಿ ಕೂತು ಕಥೆ ಕೇಳುತ್ತಾ ಬೆಳೆದವರು, ಮಾವ ಅಂತ ಹೆಸರಿಟ್ಟವರೂ ಅವರೇ. ಆಮೇಲೆ ಕೈ ನಡುಗತೊಡಗಿತು. ನಡುಗುವ ಕೈಗೆ ಕುತ್ತಿಗೆ ಕೊಡುವ ಧೈರ್ಯ ಯಾರಿಗಿದೆ? ಅಂಗಡಿ ಮುಚ್ಚಿ, ತಿರುಗುವ ಕುರ್ಚಿಯನ್ನೂ ದೊಡ್ಡ ಕನ್ನಡಿಯನ್ನೂ ಮನೆಯ ಮುಂದಿನ ಕೋಣೆಗೆ ತಂದಿಟ್ಟುಕೊಂಡ. ಹೆಂಡತಿ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಕೈ ನಿಂತಿತು ಸರಿ, ನಾಲಿಗೆ ನಿಲ್ಲಬೇಕಲ್ಲ! ಕೂದಲು ಕತ್ತರಿಸಿಕೊಳ್ಳಲು ಬರುತ್ತಿದ್ದವರು ಬೇರೆ ಅಂಗಡಿ ಹುಡುಕಿಕೊಂಡರು. ಮಾತಾಡಿಸಲು ಅಂತಲೇ ಯಾರು ಬರುತ್ತಾರೆ?

ಅವನ ಅಂಗಳದಲ್ಲಿ ಒಂದು ಕಾಡುಬಾದಾಮಿ ಮರ. ತಟ್ಟೆಯಷ್ಟು ಅಗಲದ ಎಲೆ, ಉದುರುವ ಮುಂಚೆ ಕೆಂಪಗೆ ತಿರುಗುತ್ತಿತ್ತು. ಒಂದು ವರ್ಷ ಗಾಳಿಗೆ ಕೊಂಬೆ ಮುರಿದು ಹೆಂಚಿನ ಮೇಲೆ ಬಿತ್ತು. ಸಿಟ್ಟಿಗೆದ್ದ ಮಾವ ಮರವನ್ನೇ ಕಡಿಸುತ್ತೇನೆ ಅಂತ ಅರ್ಜಿ ಹಾಕಿದ. ಗರಗಸದಕ್ಕ ಬಂದಳು, ಅಳೆದಳು, ತಟ್ಟಿದಳು. ಮರ ಕಲ್ಲುಗುಂಡಿನ ಹಾಗಿತ್ತು. ಹೊರಡುವಾಗ ಮಾವ, "ಒಂದು ಲೋಟ ಟೀ ಕುಡ್ದು ಹೋಗಮ್ಮಾ, ಮರ ಎಲ್ಲೂ ಓಡಿ ಹೋಗಲ್ಲ" ಅಂದ. ಬೇರೆ ಕುರ್ಚಿ ಇರಲಿಲ್ಲ, ತಿರುಗುವ ಕುರ್ಚಿಯಲ್ಲೇ ಕೂತಳು. ಮಾವ ಹಳೇ ಅಭ್ಯಾಸದಂತೆ ಅವಳ ಹಿಂದೆ ನಿಂತು, ಕನ್ನಡಿಯಲ್ಲಿ ಅವಳ ಮುಖ ನೋಡುತ್ತಾ ಮಾತಿಗಿಳಿದ. ತಲೆಯಲ್ಲಿ ಒಂದೆಳೆಯೂ ಇಲ್ಲದೆ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ಒಬ್ಬ ಗುಮಾಸ್ತನ ಕಥೆ ಅದು. "ಬರೀ ಗಾಳಿಗೆ ಕತ್ತರಿ ಆಡಿಸ್ತಿದ್ದೆ ಕಣಮ್ಮಾ, ಅರ್ಧ ಗಂಟೆ. ಚಕ್ ಚಕ್ ಅಂತ ಸದ್ದು ಕೇಳಿದ್ರೆ ಸಾಕು, ಪಾಪ, ನಿದ್ದೆ ಮಾಡ್ಬಿಡೋನು." ಅವಳು ನಕ್ಕು ತಲೆ ಆಡಿಸಿದಳು. "ತಲೆ ಅಲ್ಲಾಡಿಸ್ಬೇಡ, ಕಿವಿ ಹೋಗುತ್ತೆ!" ಅಂತ ಮಾವ ಗದರಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅರ್ಜಿ ವಜಾ ಆಯಿತು. ಮುಂದಿನ ವರ್ಷ ಮಾವ ಮತ್ತೆ ಅರ್ಜಿ ಹಾಕಿದ. ಈ ಸಲದ ಕಾರಣ: ಎಲೆ ಬಿದ್ದು ಚರಂಡಿ ಕಟ್ಟುತ್ತದೆ. ಅದರ ಮರುವರ್ಷ: ಹಕ್ಕಿಗಳು ಗಲಾಟೆ ಮಾಡುತ್ತವೆ. ಆಮೇಲಿನ ವರ್ಷ: ಮರದ ನೆರಳು ಕನ್ನಡಿಯ ಮೇಲೆ ಬಿದ್ದು ಮುಖ ಕಪ್ಪಗೆ ಕಾಣುತ್ತದೆ! ಕುಂಟು ನೆಪಕ್ಕೂ ಒಂದು ಮಿತಿ ಬೇಡವೇ? ಅವನಿಗೆ ಮರ ಕಡಿಸುವುದು ಬೇಕಿರಲಿಲ್ಲ. ಬೆಳಿಗ್ಗೆ ಎದ್ದರೆ ಮೊದಲು ಆ ಮರದ ಬುಡಕ್ಕೆ ಒಂದು ಚೊಂಬು ನೀರು ಹುಯ್ಯುವವನು ಅವನು. ಅವನಿಗೆ ಬೇಕಿದ್ದದ್ದು ಅವಳು ಬರುವುದು. ಅದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತು ಅನ್ನುವುದು ಅವನಿಗೂ ಗೊತ್ತಿತ್ತು. ಇಬ್ಬರೂ ಆ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ.

ಹಾಗಿದ್ದರೆ ಸುಮ್ಮನೆ ಹೋಗಿ ಬರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಕೇಳುವುದು ಸುಲಭ. ಕರೆದರೆ ಬರಬಹುದು, ಬರದೆಯೂ ಇರಬಹುದು. ಅರ್ಜಿ ಹಾಕಿದರೆ ಬರಲೇಬೇಕು, ಅದು ನಿಯಮ. ಒಲ್ಲೆ ಅನ್ನಿಸಿಕೊಳ್ಳುವ ಹೆದರಿಕೆ ಇದ್ದವರಿಗೆ ನಿಯಮದಷ್ಟು ದೊಡ್ಡ ಆಸರೆ ಇನ್ನೊಂದಿಲ್ಲ. ಅವಳಾದರೂ ಕೆಲಸವಿಲ್ಲದೆ ಯಾರ ಮನೆಯ ಮೆಟ್ಟಿಲು ಹತ್ತಿದವಳು? ಹಾಗಾಗಿ ಒಂದು ಅರ್ಜಿಯನ್ನು ಹಿಂಜಿ ಹಿಂಜಿ ಮೂರು ನಾಲ್ಕು ಸಲ ಹೋಗುತ್ತಿದ್ದಳು. ಎಲೆ ಇದ್ದಾಗ ಒಮ್ಮೆ, ಉದುರಿದಾಗ ಒಮ್ಮೆ, ಬೇರು ಸರಿಯಾಗಿ ಕಾಣಲಿಲ್ಲ ಅಂತ ಮತ್ತೊಮ್ಮೆ. ಆ ಕುರ್ಚಿಯಲ್ಲಿ ಕೂತು, ತಾನು ಚಿಕ್ಕವಳಿದ್ದಾಗ ಹಾಡು ಕಲಿಯಬೇಕು ಅಂತಿದ್ದದ್ದು, ಮಳೆ ಬಂದರೆ ಕೋಣೆ ಸೋರುವುದು, ತಂಗಿಯ "ಆಮೇಲೆ ಮಾಡ್ತೀನಿ", ಎಲ್ಲವನ್ನೂ ಹೇಳಿಕೊಂಡಿದ್ದಳು. ಆಫೀಸಿನ ರೂಢಿಯ "ಯಜಮಾನ್ರೇ" ಅನ್ನುವ ಮಾತು ಬಿಟ್ಟುಹೋಗಿ ಅವಳ ಬಾಯಲ್ಲೂ ಅವನು ಮಾವ ಆಗಿದ್ದ.

ಇಲ್ಲೇ ಅವಳು ಎಡವಿದ್ದು. ಮಂಡಳಿಯ ನಿಯಮದ ಪ್ರಕಾರ, "ಮರ ಆರೋಗ್ಯವಾಗಿದೆ, ಕಡಿಯಲು ಕಾರಣವಿಲ್ಲ" ಅಂತ ಖಡಾಖಂಡಿತ ವರದಿ ಹೋದರೆ, ಆ ಮರದ ಮೇಲೆ ಐದು ವರ್ಷ ಹೊಸ ಅರ್ಜಿ ಹಾಕುವಂತಿಲ್ಲ. ಐದು ವರ್ಷ! ಆ ಟೀ, ಆ ಕುರ್ಚಿ, ಆ ಗದರಿಕೆ ಇಲ್ಲದೆ ಐದು ವರ್ಷ. ಅದಕ್ಕೇ ಅವಳು ಪ್ರತಿ ಸಲ ವರದಿಯ ಕೊನೆಗೆ ಒಂದು ಮೆತ್ತಗಿನ ಸಾಲು ಸೇರಿಸುತ್ತಿದ್ದಳು: "ಸದ್ಯಕ್ಕೆ ಬೇಡ, ಮುಂದಿನ ವರ್ಷ ಮತ್ತೊಮ್ಮೆ ನೋಡಬಹುದು." ಮಂಡಳಿಯವರು ಕಣ್ಣಾಡಿಸಿ, ಸದ್ಯಕ್ಕೆ ಬೇಡ ಅಂತ ಮುಂದೆ ಹೋಗುತ್ತಿದ್ದರು.

ಹೀಗಿರುವಾಗ ಒಂದು ವರ್ಷ ಮಂಡಳಿಗೆ ಹೊಸ ಅಧ್ಯಕ್ಷೆ ಬಂದರು. ಆಸ್ಪತ್ರೆಯಲ್ಲಿ ದೊಡ್ಡ ನರ್ಸಮ್ಮನಾಗಿದ್ದು ನಿವೃತ್ತರಾದವರು, ಹೆಂಗರುಳು. ಒಳ್ಳೆಯವರಿಂದ ಆಗುವ ಅನಾಹುತವನ್ನು ತಡೆಯುವವರಿಲ್ಲ ನೋಡಿ. ಸಭೆ ನಡೆಯುವುದು ಆಫೀಸಿನ ಮೇಲಿನ ಹಜಾರದಲ್ಲಿ. ಉದ್ದ ಮೇಜಿನ ಸುತ್ತ ಸದಸ್ಯರು, ಹಿಂದಿನ ಬೆಂಚಿನಲ್ಲಿ ಅರ್ಜಿದಾರರು, ಬಾಗಿಲ ಪಕ್ಕದ ಸ್ಟೂಲಿನಲ್ಲಿ ಗರಗಸದಕ್ಕ. ಅವಳಿಗೆ ಕೈ ಎತ್ತುವ ಹಕ್ಕಿಲ್ಲ, ಕೇಳಿದರೆ ಮಾತ್ರ ಮಾತಾಡಬೇಕು. ಇಷ್ಟು ವರ್ಷದಲ್ಲಿ ಅವಳನ್ನು ಕೇಳಿದ್ದೆಲ್ಲ ದಪ್ಪ ಎಷ್ಟು, ಎತ್ತರ ಎಷ್ಟು ಅಂತ. ಯಾವತ್ತೂ ಸಭೆಗೆ ಬಾರದ ಕತ್ತರಿ ಮಾವ ಅವತ್ತು ಇಸ್ತ್ರಿ ಶರಟು ಹಾಕಿಕೊಂಡು ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ. ನಾಲ್ಕು ಜನರ ಮುಖ ನೋಡಿದ ಹಾಗಾಯಿತು ಅಂತ ಬಂದಿದ್ದ, ಅಷ್ಟೇ.

ಅಧ್ಯಕ್ಷೆ ಅವನ ಹೊಸ ಅರ್ಜಿಯ ಜೊತೆ ಹಳೆಯವನ್ನೆಲ್ಲ ಮುಂದಿಟ್ಟುಕೊಂಡು, "ನೋಡಿ, ಈ ಹಿರಿಯರು ವರ್ಷಾ ವರ್ಷಾ ಕೇಳ್ತಾನೇ ಇದ್ದಾರೆ. ನಮ್ಮ ತಪಾಸಣೆಯವರೇ ಪ್ರತಿ ಸಲ ಮತ್ತೊಮ್ಮೆ ನೋಡಬಹುದು ಅಂತ ಬರ್ದಿದ್ದಾರೆ. ಅಂದ್ರೆ ಮರದಲ್ಲಿ ಏನೋ ಐಬು ಇದೆ ಅಂತ ತಾನೇ? ನಾವು ಎಷ್ಟು ವರ್ಷ ಅಲೆಸೋದು? ಕೊಟ್ಬಿಡೋಣ" ಅಂದರು. ಸದಸ್ಯರಿಗೂ ಪಾಪ ಅನ್ನಿಸಿತು. ಒಂದೊಂದೇ ಕೈ ಮೇಲೆದ್ದವು. ಅಧ್ಯಕ್ಷೆ ಬೆಂಚಿನ ಕಡೆ ತಿರುಗಿ, "ಈಗ ಸಮಾಧಾನ ಆಯ್ತಾ ಯಜಮಾನ್ರೇ?" ಅಂತ ನಕ್ಕರು.

ಇಡೀ ಪಟ್ಟಣದ ತಲೆಗಳನ್ನು ಮಾತಿನಲ್ಲೇ ಮಲಗಿಸಿದ ಮಾವ ಬಾಯಿ ಒಣಗಿ ಕೂತುಬಿಟ್ಟ. ಸ್ಟೂಲಿನ ಮೇಲಿದ್ದ ಗರಗಸದಕ್ಕನಿಗೆ ಅನಾಹುತದ ಮೂಲ ಹೊಳೆಯಿತು. ತನ್ನ ಆ ಒಂದು ಸಾಲು! ಯಾರೂ ಕೇಳದೆ ಎದ್ದು ನಿಂತಳು.

"ಮರ ಚೆನ್ನಾಗಿದೆ ಮೇಡಂ. ಅವ್ರಿಗೆ ಕಡ್ಸೋದು ಬೇಕಾಗಿಲ್ಲ."

"ಬೇಡ್ದೇ ಇದ್ರೆ ಅರ್ಜಿ ಯಾಕ್ರೀ ಹಾಕ್ತಾರೆ?"

ಗರಗಸದಕ್ಕ ಒಂದೇ ಉಸಿರಿಗೆ ಅಂದುಬಿಟ್ಟಳು. "ಮಾವನ ಮನೆಗೆ ಯಾರೂ ಬರಲ್ಲ ಮೇಡಂ. ಅರ್ಜಿ ಹಾಕಿದ್ರೆ ನಾನಾದ್ರೂ ಹೋಗ್ತೀನಿ, ಮಾತಾಡ್ತೀನಿ ಅಂತ ಹಾಕ್ತಾರೆ."

ಹಜಾರದಲ್ಲಿ ಯಾರೋ ಕಿಸಕ್ಕೆಂದರು. ಕೆಟ್ಟ ನಗುವಲ್ಲ, ಆದರೂ ನಗು ನಗುವೇ. ಅಧ್ಯಕ್ಷೆ "ಅಯ್ಯೋ ಪಾಪ" ಅಂದರು, ಅದು ನಗುವಿಗಿಂತ ಕಡೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವ ಎದ್ದು ನಿಂತ. ನಡುಗುವ ಕೈಯನ್ನು ಬೆಂಚಿಗೆ ಒತ್ತಿ ಹಿಡಿದು, "ಯಾರ್ರೀ ಹಾಗಂದಿದ್ದು? ನಮ್ಮ ಮನೆಗೆ ಬರೋರು ಹೋಗೋರಿಗೇನು ಬರ ಬಂದಿಲ್ಲ. ಮರ ತೊಂದರೆ ಕೊಡ್ತಿದೆ. ಕಡಿಸ್ತೀನಿ" ಅಂದ. ಅವಳ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದ.

ಅನುಮತಿ ಸಿಕ್ಕಿದ ಮಾತ್ರಕ್ಕೆ ಕಡಿಸಲೇಬೇಕೆಂದಿಲ್ಲ. ಅವಳು ಆ ಆಸೆಯ ಎಳೆ ಹಿಡಿದುಕೊಂಡೇ ಇದ್ದಳು. ಸಿಟ್ಟು ಇಳಿದರೆ ಸುಮ್ಮನಾಗುತ್ತಾನೆ, ಮಾವ ತಾನೇ ಅಂದುಕೊಂಡಳು. ಆದರೆ ಆ ವಾರವೇ ಅವನು ಆಳುಗಳನ್ನು ಕರೆಸಿದ. ಸಭೆಯಲ್ಲಿ ರಂಪ ಆಯಿತಲ್ಲ, ಕಡಿದದ್ದನ್ನು ನೋಡಿ ಬರಲು ಆಫೀಸಿನವರು ಅವಳನ್ನು ಬಿಟ್ಟು ಬೇರೆಯವನನ್ನು ಕಳಿಸಿದರು. ಅವನು ಬಂದು ಅವಳ ಮೇಜಿನ ಮುಂದೆ ನಿಂತು, "ಒಳಗೆ ಒಂದು ಹುಳುಕೂ ಇರ್ಲಿಲ್ಲ ಮೇಡಂ. ಚಿನ್ನದಂಥ ಮರ" ಅಂದ. ಅವಳು ಹೂಂ ಅಂದಳು. ಅವತ್ತು ಡಬ್ಬಿ ಬಿಚ್ಚಲಿಲ್ಲ.

ರಾತ್ರಿಗಳಲ್ಲಿ ಅವಳನ್ನು ಕೊರೆದದ್ದು ಮರ ಒಂದೇ ಅಲ್ಲ. ಅವನ ಒಂಟಿತನವನ್ನು ನಾಲ್ಕು ಜನರ ಮುಂದೆ ಬಿಚ್ಚಿ ಹರವಿದ್ದಳು. ತನ್ನದನ್ನು ಮಾತ್ರ ಗಂಟು ಕಟ್ಟಿ ಮಡಿಲಲ್ಲೇ ಇಟ್ಟುಕೊಂಡಿದ್ದಳು. ನಾನೂ ಅಲ್ಲಿಗೆ ಹೋಗಲು ಸಾಯುತ್ತಿದ್ದೆ, ಅದಕ್ಕೇ ಆ ಸಾಲು ಬರೆದೆ ಅಂತ ಒಂದು ಮಾತು ಅಂದಿದ್ದರೆ ನಗು ಇಬ್ಬರಿಗೂ ಹಂಚಿ ಹೋಗುತ್ತಿತ್ತು. ಅವನು ಒಬ್ಬನೇ ಹೊರಬೇಕಾಗಿರಲಿಲ್ಲ. ಅಂದಿರಲಿಲ್ಲ. ಯಾಕೆ? ನಾಚಿಕೆ. ಹಾಳು ನಾಚಿಕೆ.

ಒಂದು ರಜೆಯ ದಿನ ಬ್ಯಾಗು, ಟೇಪು ಏನೂ ಇಲ್ಲದೆ ಬರಿಗೈಯಲ್ಲಿ ಹೊರಟಳು. ಅಂಗಳದಲ್ಲಿ ಮೊಂಡು ಬುಡ, ಸುತ್ತ ಮರದ ಹೊಟ್ಟು. ಮನೆಯ ಗೋಡೆಗೆ ಬಿಸಿಲು ರಾಚುತ್ತಿತ್ತು. ಬಾಗಿಲು ತಟ್ಟಿದಳು. ಮಾವ ಅರ್ಧ ತೆರೆದ. ಗಡ್ಡ ಬೆಳೆದಿತ್ತು.

"ಮರ ಹೋಯ್ತಲ್ಲ," ಅಂದ. "ಇನ್ನೇನು ನೋಡೋಕೆ ಬಂದ್ರಿ?"

ಬಂದ್ರಿ! ಆ ಬಹುವಚನ ಅವಳ ಎದೆಗೆ ನೆಟ್ಟಿತು.

"ನೋಡೋಕೆ ಏನೂ ಇಲ್ಲ ಮಾವ. ಕೆಲಸದ ಮೇಲೆ ಬಂದಿಲ್ಲ." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಪ್ರತಿ ವರ್ಷ ಮತ್ತೊಮ್ಮೆ ನೋಡಬಹುದು ಅಂತ ಬರೀತಿದ್ದೆನಲ್ಲ, ಅದು ನಿಮಗೋಸ್ಕರ ಅಲ್ಲ. ನನಗೋಸ್ಕರ. ನಿಮ್ಮನೆ ಬಿಟ್ರೆ ನನಗೂ ಮಾತಾಡೋಕೆ ಬೇರೆ ಯಾರೂ ಇಲ್ಲ."

ಮಾವ ಅವಳ ಮುಖವನ್ನೇ ನೋಡುತ್ತಾ ನಿಂತ. ಅವನು ಅವಳನ್ನು ಕನ್ನಡಿಯಲ್ಲಲ್ಲದೆ ಎದುರಾ ಎದುರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅವನ ಕಣ್ಣು ತುಂಬಿ ಬಂತು. ಸಿಟ್ಟು ಇರಲಿಲ್ಲ ಅದರಲ್ಲಿ.

"ಇದನ್ನ ಅಲ್ಲಿ ಹೇಳ್ಬೇಕಿತ್ತು ಕಣಮ್ಮಾ," ಅಂದ ಮೆಲ್ಲಗೆ. "ಎಲ್ಲರ ಮುಂದೆ."

ಬಾಗಿಲು ಹಾಕಿಕೊಂಡ. ಒಳಗಿನ ಚಿಲಕ ಬಿದ್ದ ಸದ್ದು ಕೇಳಿತು.

"ಹೌದು ಮಾವ," ಅಂದಳು ಅವಳು, ಮುಚ್ಚಿದ ಬಾಗಿಲಿಗೆ.