ಮಾಂತ್ರಿಕರ ಮಂಡಳಿಯಲ್ಲಿ ಒಂದು ಕಾಗದ ಕಮ್ಮಿ

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬೆಳಗಿನ ಎಂಟು ಗಂಟೆಯ ಬಸ್ಸಿನಲ್ಲಿ, ಎಂಬತ್ತರ ದಶಕದ ಕೊನೆಗೆ, ಒಂದು ಮಾಂತ್ರಿಕರ ಮಂಡಳಿ ಇತ್ತು. ಹಿಂದಿನ ಬಾಗಿಲಿನ ಪಕ್ಕದ ಎರಡು ಸೀಟುಗಳೇ ಅದರ ರಾಜಧಾನಿ. ಮಾಂತ್ರಿಕರು ಇಬ್ಬರು, ಕಥೆ ಹೇಳುವವರು ಒಬ್ಬರು, ದಫ್ತರ ಬರೆಯುವವಳು ನಾನು. ನಗಬೇಡಿ. ಅಷ್ಟು ಶಿಸ್ತಿನ ಆಡಳಿತವನ್ನು ನಾನು ಆಮೇಲೆ ಯಾವ ಸರಕಾರದಲ್ಲೂ ಕಂಡಿಲ್ಲ.

ಈ ಹುಚ್ಚನ್ನು ತಂದು ಹಚ್ಚಿದವರು ಲಿಂಗಸುಗೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾಸ್ತರರು. ಹಡಗಿನಲ್ಲಿ ಕೆಲಸ ಮಾಡುವ ಅವರ ಷಡ್ಡಕ, ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕವನ್ನು ಮನೆಯಲ್ಲಿ ಬಿಟ್ಟು ಹೋಗಿದ್ದನಂತೆ. ಅದೊಂದು ಆಟದ ಪುಸ್ತಕ. ಪಗಡೆಯ ಹಾಸೂ ಇಲ್ಲ, ಇಸ್ಪೀಟಿನ ಎಲೆಯೂ ಇಲ್ಲ. ಒಬ್ಬರು ಕಥೆ ಹೇಳುತ್ತ ಹೋಗಬೇಕು, ಉಳಿದವರು ಆ ಕಥೆಯೊಳಗಿನ ಮನುಷ್ಯರಾಗಬೇಕು. ಕೋಟೆ, ಖಡ್ಗ, ಬೆಂಕಿಯುಗುಳುವ ಡ್ರಾಗನ್ ಇರುವ ಹಳೆಯ ಕಾಲದ ರಾಜ್ಯ. ಅಲ್ಲಿ ಮಾಂತ್ರಿಕರದೇ ಒಂದು ಮಂಡಳಿ. ಮಂಡಳಿಗೆ ಐದು ಮೆಟ್ಟಿಲು, ಮೆಟ್ಟಿಲಿಗೊಂದು ಬಣ್ಣದ ನಿಲುವಂಗಿ, ತುದಿಯಲ್ಲಿ ಒಬ್ಬ ಮಹಾಮಾಂತ್ರಿಕ.

ಹಾಕಿದ ಮಂತ್ರ ಫಲಿಸಿತೋ ಇಲ್ಲವೋ ಎಂದು ತಿಳಿಯಲು ಇಪ್ಪತ್ತು ಮುಖದ ದಾಳವಿತ್ತು. ಮೊದಲ ದಿನವೇ ಬಸ್ಸು ಒಂದು ಗುಂಡಿಗೆ ಬಿದ್ದು, ದಾಳ ಹಾರಿ, ಬಸ್ಸಿನ ತಳದ ತೂತಿನಿಂದ ರಸ್ತೆಗೆ ಬಿದ್ದು, ಜಲ್ಲಿಕಲ್ಲಿನೊಳಗೆ ಕಲ್ಲಾಗಿ ಹೋಯಿತು. ಅವತ್ತಿನಿಂದ ನಮಗೆ ಬಸ್ ಟಿಕೆಟ್ಟೇ ದಾಳ. ನಮ್ಮದು ತಿಂಗಳ ಪಾಸು, ಟಿಕೆಟ್ ಇಲ್ಲ. ಹಾಗಾಗಿ ಯಾರು ಬಸ್ಸು ಹತ್ತುತ್ತಾರೋ ಅವರ ಟಿಕೆಟ್ಟಿನ ಕೊನೆಯ ಅಂಕಿ ನೋಡುವುದು. ಒಂಬತ್ತು ಬಂದರೆ ಮಂತ್ರ ಗೆದ್ದಿತು, ಸೊನ್ನೆ ಬಂದರೆ ಮಾಂತ್ರಿಕ ಸತ್ತ. "ಯಜಮಾನ್ರ, ನಿಮ್ಮ ಟಿಕೆಟ್ ಸ್ವಲ್ಪ ತೋರಸ್ರಿ" ಎಂದರೆ ಜನ ಚೆಕ್ಕಿಂಗ್ ಬಂತು ಎಂದು ಗಾಬರಿಯಾಗುತ್ತಿದ್ದರು. ಮುಕ್ಕುಂದದ ಒಬ್ಬ ಹಿರಿಯ, "ಈಗ ಹತ್ತೀನ್ರೀ ಯಪ್ಪಾ, ಇನ್ನೂ ತೊಗೊಂಡಿಲ್ಲ" ಎಂದು ಕೈ ಮುಗಿದು ಇಳಿದೇ ಹೋದ. ಕಂಡಕ್ಟರನಿಗೆ ಮಾತ್ರ ಖುಷಿ. "ನಿಮ್ಮ ಮಂಡಳಿ ಸುರು ಆದಾಗಿಂದ ನನ್ನ ಬಸ್ಸಿನ್ಯಾಗ ಟಿಕೆಟ್ ಇಲ್ಲದಾವ ಒಬ್ಬನೂ ಇಲ್ಲ ನೋಡ್ರಿ" ಎನ್ನುತ್ತಿದ್ದ.

ಕಥೆ ಹೇಳುವವರು ಮಾಸ್ತರರೇ. ಇಬ್ಬರು ಮಾಂತ್ರಿಕರಲ್ಲಿ ಒಬ್ಬರು ಮಸ್ಕಿಯ ಆಸ್ಪತ್ರೆಯ ಸಿಸ್ಟರು. ಇನ್ನೊಬ್ಬರು ಲಿಂಗಸುಗೂರಿನ ಒಂದು ಸರಕಾರಿ ಕಚೇರಿಯ ಕ್ಲರ್ಕು. ನನ್ನ ಕಡತ ಇದ್ದದ್ದು ಆ ಪುಣ್ಯಾತ್ಮರ ಮೇಜಿನ ಮೇಲೆ.

ನಮ್ಮಪ್ಪ ಜವಳಗೇರಾ ಕಡೆ ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರ. ಕೆಲಸದ ಮೇಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದು ಹೋದ. ಅನುಕಂಪದ ಮೇಲೆ ಮನೆಯಲ್ಲೊಬ್ಬರಿಗೆ ನೌಕರಿ ಸಿಗುತ್ತದೆ ಎಂದರು. ಅವ್ವನಿಗೆ ಓದು ಬರದು, ತಂಗಿ ಇನ್ನೂ ಸಾಲೆಯಲ್ಲಿ. ಉಳಿದವಳು ನಾನು. ಆದರೆ ಮಗಳಿಗೆ ಕೊಡಬೇಕಾದರೆ ಆಕೆಗೆ ಮದುವೆಯಾಗಿರಬಾರದು ಎಂಬುದು ಆಗಿನ ಕಾನೂನು. ಇತ್ತ ನಮ್ಮ ಸೋದರಮಾವ ಒಂದು ಗಂಡು ನೋಡಿ ಕೂತಿದ್ದ. "ಉಗಾದಿ ತನಕ ನೋಡೂಣು. ಅಷ್ಟ್ರಾಗ ನೌಕರಿ ಬಂದ್ರ ಬಂತು. ಆಮ್ಯಾಗ ಗಂಡಿನ ಕಡ್ಯಾರು ಕಾಯಂಗಿಲ್ಲ" ಎಂದಿದ್ದ. ನನಗೆ ಆ ನೌಕರಿ ಬೇಕಿತ್ತು. ಆ ಗಂಡು ಬೇಕಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಲಿಂಗಸುಗೂರಿನ ಒಬ್ಬ ವಕೀಲರ ಬಳಿ ಟೈಪು ಮಾಡುತ್ತ, ಊಟದ ಬಿಡುವಿನಲ್ಲಿ ಕಚೇರಿಗೆ ಓಡಾಡುತ್ತಿದ್ದೆ.

ಕ್ಲರ್ಕ್ ಸಾಹೇಬರು ಬಸ್ಸಿನಲ್ಲಿ ನನ್ನನ್ನು 'ತಂಗಿ' ಎನ್ನುತ್ತಿದ್ದರು. ತಮ್ಮ ಡಬ್ಬಿಯ ಶೇಂಗಾ ಹೋಳಿಗೆ ಮುರಿದು ಕೊಡುತ್ತಿದ್ದರು. ಕಚೇರಿಯ ಮೇಜಿಗೆ ಹೋದರೆ ನಾನು 'ಅರ್ಜಿದಾರರು'. "ಒಂದು ಕಾಗದ ಕಮ್ಮಿ ಐತ್ರಿ" ಎನ್ನುತ್ತಿದ್ದರು, ತಲೆ ಎತ್ತದೆ. ಆ ಕಾಗದ ತಂದುಕೊಟ್ಟರೆ ಇನ್ನೊಂದು ಕಮ್ಮಿ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಯ ಪಕ್ಕದಲ್ಲೇ ನಾನು ದಿನಾ ಎರಡು ತಾಸು ಕೂತು ಹೋಗುತ್ತಿದ್ದೆ.

ಮಂಡಳಿಯನ್ನು ಅವರು ಮೂರೇ ತಿಂಗಳಲ್ಲಿ ಉದ್ಧಾರ ಮಾಡಿಬಿಟ್ಟರು. ಇದ್ದ ಇಬ್ಬರು ಮಾಂತ್ರಿಕರಿಗೆ ಜ್ಯೇಷ್ಠತಾ ಪಟ್ಟಿ ಮಾಡಿದರು. ಸಿಸ್ಟರು ತಮಗಿಂತ ಎರಡು ದಿನ ಮೊದಲು ಸೇರಿದ್ದಕ್ಕೆ ಒಂದು ತಿಂಗಳು ತಕರಾರು ನಡೆಸಿದರು. ಡ್ರಾಗನ್ ಮೈಮೇಲೆ ಬಂದರೂ ಮಂತ್ರ ಹಾಕುವ ಮುಂಚೆ ಮೇಲಿನವರ ಮಂಜೂರಾತಿ ಬೇಕು ಎಂದರು. ದಫ್ತರದಲ್ಲಿ ಬರೆಯದ ಮಂತ್ರ ಮಂತ್ರವೇ ಅಲ್ಲ ಎಂಬುದೂ ಅವರದೇ ನಿಯಮ. "ಹೆಣ್ಮಕ್ಕಳ ಅಕ್ಷರ ಚೊಲೊ ಇರ್ತಾವ" ಎಂದು ಇನ್ನೂರು ಪುಟದ ನೋಟುಬುಕ್ಕನ್ನು ನನ್ನ ಕೈಗೆ ಕೊಟ್ಟರು. ನನಗೊಬ್ಬ ಮಾಂತ್ರಿಕನನ್ನು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಒಂದು ದಿನ ಸಾಹೇಬರು ಹೊಸ ನಿಯಮ ಹೇಳಿ ಬರೆಸಿದರು. ಮಾಂತ್ರಿಕ ಸತ್ತರೆ ಅವನನ್ನು ಆಡಿಸುವವರು ಮತ್ತೆ ಮೊದಲ ಮೆಟ್ಟಿಲಿನಿಂದ ಶುರು ಮಾಡಬೇಕು ಎಂದು ಪುಸ್ತಕದಲ್ಲಿತ್ತು. ಅದು ಅನ್ಯಾಯವಂತೆ. ಸತ್ತವನ ಶಿಷ್ಯನಿಗೆ ಅನುಕಂಪದ ಮೇಲೆ ಅದೇ ಮೆಟ್ಟಿಲು ಕೊಡತಕ್ಕದ್ದು, ಶಿಷ್ಯನಿಗೆ ಮದುವೆಯಾಗಿರಕೂಡದು. ಬರೆಯುವಾಗ ನನ್ನ ಕೈ ನಿಂತಿತು. ಕೇಳಿಸಲಿಲ್ಲವೆಂದುಕೊಂಡು ಅವರು ಇನ್ನೊಮ್ಮೆ ಬಿಡಿಸಿ ಬಿಡಿಸಿ ಹೇಳಿದರು.

ಸಂಕ್ರಾಂತಿ ಮುಗಿದ ಮೇಲೆ ಅವರ ಮಾಂತ್ರಿಕ ನಾಲ್ಕನೆಯ ಮೆಟ್ಟಿಲಿಗೆ ಏರಿ, ಮಹಾಮಾಂತ್ರಿಕನಾಗಲು ಡ್ರಾಗನ್ನಿನ ಎದುರು ನಿಂತ. ಬಸ್ಸು ಮಸ್ಕಿಯಲ್ಲಿ ನಿಂತಿತ್ತು. ಪಾಮನಕಲ್ಲೂರಿನ ಒಬ್ಬ ಅಜ್ಜಿ ಹತ್ತಿ ಟಿಕೆಟ್ ತೆಗೆಸಿದಳು. ಕೊನೆಯ ಅಂಕಿ ಸೊನ್ನೆ. ಇಳಿಯಬೇಕಿದ್ದ ಸಿಸ್ಟರು ಮೆಟ್ಟಿಲ ಮೇಲೇ ನಿಂತು, "ಹೋದ್ರ್ಯಲ್ರೀ ಸಾಹೇಬ್ರ" ಎಂದರು. ಅಜ್ಜಿ ತನ್ನಿಂದ ಏನೋ ತಪ್ಪಾಯಿತೆಂದು ಟಿಕೆಟ್ಟನ್ನು ಸೆರಗಿಗೆ ಕಟ್ಟಿಕೊಂಡಳು.

ಮರುದಿನ ಸಾಹೇಬರು ಸೀಟಿಗೆ ಕೂರುವ ಮುಂಚೆಯೇ ಹೇಳಿದರು: "ತಂಗೀ, ಶಿಷ್ಯನ ಹೆಸರು ಏರಸಿಬಿಡು."

"ಏರಸ್ತೀನ್ರಿ ಅಣ್ಣಾರ. ಒಂದು ಕಾಗದ ಕಮ್ಮಿ ಐತಿ."

"ಏನ ಕಾಗದ?"

"ಮಾಂತ್ರಿಕ ಸತ್ತಾನಂತ ಸರ್ಟಿಫಿಕೇಟ್."

ಸಿಸ್ಟರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಮಾಸ್ತರರು, "ದಫ್ತರದ ವಿಷಯದಾಗ ನಾ ಬರಂಗಿಲ್ರಿ" ಎಂದು ಕಿಟಕಿಯ ಕಡೆ ತಿರುಗಿದರು. ಸಾಹೇಬರು ನಗಲಿಲ್ಲ. ಮಾರನೆಯ ದಿನ ಸರ್ಟಿಫಿಕೇಟ್ ಬರೆದುಕೊಂಡು ಬಂದರು, ಅದೂ ಎರಡು ಪ್ರತಿ. ನನ್ನ ಕಡತದ ಮೇಲೆ ಎರಡು ವರ್ಷದಲ್ಲಿ ಎರಡು ಸಾಲು ಬರೆಯದ ಕೈ ಅದು! ಶಿಷ್ಯ ಎಲ್ಲಿ ವಾಸ ಎಂಬುದಕ್ಕೆ ನಾನು ರಹವಾಸಿ ದಾಖಲೆ ಕೇಳಿದೆ. ತಂದರು. ಉಳಿದ ಶಿಷ್ಯರ ತಕರಾರಿಲ್ಲ ಎಂಬ ಪತ್ರ ಕೇಳಿದೆ. ಅದನ್ನೂ ತಂದರು, ಏಳು ಜನರ ಏಳು ಥರದ ಸಹಿ ತಾವೇ ಮಾಡಿಕೊಂಡು. ಸುಳ್ಳು ಯಾಕೆ ಹೇಳಲಿ, ಆ ದಿನಗಳಲ್ಲಿ ನನಗೆ ಬಹಳ ಸುಖವಾಗಿತ್ತು.

ಹದಿನೈದು ದಿನ ಕಳೆದ ಮೇಲೆ ಅವರ ತಾಳ್ಮೆ ಹರಿಯಿತು. "ನಿನಗ ಕರುಣಿ ಅನ್ನೂದು ಐತೋ ಇಲ್ಲೋ ಬೇ? ಪಾಪ, ಆ ಶಿಷ್ಯ ಎಷ್ಟು ದಿನಾಂತ ಕಾಯಬೇಕು?" ಕಣ್ಣಲ್ಲಿ ನೀರೇ ಬಂದಿತ್ತು.

"ನಮ್ಮಪ್ಪ ಸತ್ತು ಎರಡು ವರ್ಷ ಆತ್ರಿ ಅಣ್ಣಾರ" ಎಂದೆ.

ಅವರು ಡಬ್ಬಿಯ ಮುಚ್ಚಳ ತಿರುವುತ್ತ ಕೂತರು. "ಬಸ್ಸಿನ ಮಾತು ಬ್ಯಾರೆ, ಆಫೀಸಿನ ಮಾತು ಬ್ಯಾರೆ ತಂಗಿ" ಎಂದರು. ಆದರೂ ಅವತ್ತು ನನಗೆ ಆಸೆ ಹುಟ್ಟಿತು. ಮಧ್ಯಾಹ್ನ ಊಟ ಬಿಟ್ಟು ಕಚೇರಿಗೆ ಓಡಿದೆ. ಅವರು ಕಡತ ತೆರೆದಿದ್ದರು, ಅದೇ ದೊಡ್ಡ ಮಾತು. "ಅರ್ಜಿದಾರರಿಗೆ ಮದುವಿ ಆಗಿಲ್ಲಂತ ಹೊಸಾ ಸರ್ಟಿಫಿಕೇಟ್ ಬೇಕ್ರಿ. ಇದು ಹಳೇದಾತು" ಎಂದರು. ವಕೀಲರ ಕೋಣೆಗೆ ಬಂದು ಟೈಪು ಮಷಿನ್ನಿನ ಮೇಲೆ ತಲೆಯಿಟ್ಟು ಅತ್ತೆ.

ಊರಿನಲ್ಲಿ ಆ ಸರ್ಟಿಫಿಕೇಟ್ ಕೊಡುವವರು ಇವತ್ತು ಇದ್ದರೆ ನಾಳೆ ಇಲ್ಲ. ಅದು ಕೈಗೆ ಬರುವ ಮುಂಚೆ ಉಗಾದಿ ಬಂತು. ಮಾವ ಕಾರ್ಡು ಅಚ್ಚು ಹಾಕಿಸಿದ.

ಮೂಲೆಗೆ ಅರಿಷಿಣ ಹಚ್ಚಿದ ಆ ಕಾರ್ಡನ್ನು ಬಸ್ಸಿನಲ್ಲಿ ಎಲ್ಲರಿಗೂ ಕೊಟ್ಟೆ. ಸಿಸ್ಟರು ನನ್ನ ಮುಖ ನೋಡಿದರು, ಮಸ್ಕಿಯಲ್ಲಿ ಇಳಿಯುವಾಗ ನನ್ನ ಕೈ ಹಿಸುಕಿ ಹೋದರು. ಸಾಹೇಬರು ಮಾತ್ರ ಕಾರ್ಡನ್ನು ಪೂರಾ ಓದಿ, "ಭಾಳ ಚೊಲೊ ಆತು ತಂಗಿ" ಎಂದರು. "ನಿನ್ನ ಫೈಲೂ ಇನ್ನ ಕ್ಲೋಸ್ ಮಾಡಬೌದು." ಅವರು ನಿಜವಾಗಿಯೂ ಸಂತೋಷಪಟ್ಟಿದ್ದರು. ಆಮೇಲೆ ದನಿ ಇಳಿಸಿ, "ಹೋಗೂಕಿಂತ ಮೊದ್ಲ ನಮ್ಮ ಶಿಷ್ಯಂದೊಂದು ಮುಗಸಿ ಹೋಗವಾ" ಎಂದರು.

ನಾನು ನೋಟುಬುಕ್ಕು ತೆಗೆದು ಬರೆದೆ, ಬರೆದದ್ದನ್ನು ಗಟ್ಟಿಯಾಗಿ ಓದಿದೆ: ಅರ್ಜಿದಾರನಿಗೆ ಮದುವೆ ಗೊತ್ತಾಗಿರುವುದರಿಂದ ಸದರಿ ಕಡತವನ್ನು ಮುಕ್ತಾಯಗೊಳಿಸಿದೆ.

ಅವರ ಮುಖ ಬಿಳಿಚಿತು. "ಅವಗ ಯಾವಾಗ ಗೊತ್ತಾತು? ಯಾರು ಮಾಡಿದ್ರು?"

"ನಾ ಮಾಡೀನ್ರಿ."

"ಅವನ್ನ ಒಂದು ಮಾತು ಕೇಳೂದು ಬ್ಯಾಡೇನು?"

"ನನ್ನ ಯಾರು ಕೇಳಿದ್ರು ಅಣ್ಣಾರ?"

ಬಸ್ಸು ಲಿಂಗಸುಗೂರಿಗೆ ಬಂದಿತ್ತು. ಅವರು ಕಾರ್ಡು ಮಡಚಿ ಜೇಬಿಗಿಟ್ಟುಕೊಂಡು, ನನ್ನ ಕಡೆ ನೋಡದೆ ಇಳಿದು ಕಚೇರಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ನನ್ನ ಕಡತ ಮುಕ್ತಾಯವಾಗಿತ್ತು. ಎರಡು ವರ್ಷದಲ್ಲಿ ಅವತ್ತೊಂದು ದಿನ ಅದಕ್ಕೆ ಯಾವ ಕಾಗದವೂ ಕಮ್ಮಿ ಬೀಳಲಿಲ್ಲ.